ಡಿಸ್ಚಾರ್ಜ್ ಬುಕ್ಕಿನಲ್ಲಿ ಬಿಟ್ಟುಹೋದ ಮೆಡಲ್ ಸೇರಿಸುವುದು ಹೇಗೆ

ನಿಮ್ಮ ಅಪ್ಪನೋ ಅಜ್ಜನೋ ಮಿಲಿಟರಿಯಲ್ಲಿದ್ದವರಾದರೆ ಮನೆಯಲ್ಲಿ ಎಲ್ಲೋ ಒಂದು ತಗಡಿನ ಟ್ರಂಕು ಇದ್ದೇ ಇರುತ್ತದೆ. ಅದರ ತಳದಲ್ಲಿ ಡಿಸ್ಚಾರ್ಜ್ ಬುಕ್, ಅಂದರೆ ಸೇವೆಯಿಂದ ಬಿಡುಗಡೆಯಾಗುವಾಗ ಸೈನ್ಯ ಕೊಟ್ಟ ದಾಖಲೆ ಪುಸ್ತಕ, ಇರುತ್ತದೆ. ತೆಗೆದು ಮೆಡಲ್‌ಗಳನ್ನು ಬರೆದಿರುವ ಜಾಗ ನೋಡಿ. ಅಲ್ಲಿರುವುದಕ್ಕೂ ಅವರು ಬಾಯಲ್ಲಿ ಹೇಳುವ ಕತೆಗೂ ತಾಳೆ ಆಗದಿದ್ದರೆ ಮುಂದೆ ಓದಿ.

ನಮ್ಮ ಮನೆಯಲ್ಲಿ ಇದು ಗೊತ್ತಾಗಿದ್ದು 2021ರ ಡಿಸೆಂಬರ್ 16ರಂದು. ಬಾಂಗ್ಲಾ ಯುದ್ಧ ಗೆದ್ದು 50 ವರ್ಷ ಆಯಿತು ಅಂತ ಊರಲ್ಲಿ ಮಾಜಿ ಸೈನಿಕರಿಗೆ ಶಾಲು ಹೊದಿಸಿದರು. ದೊಡ್ಡಪ್ಪ ಕೋಟಿಗೆ ಮೆಡಲ್ ಹಾಕಿಕೊಂಡು ಹೋಗಿದ್ದರು. ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬರು, ಅವರೂ ರಿಟೈರ್ಡ್ ಹವಾಲ್ದಾರ್, ಇವರ ಎದೆ ನೋಡಿ "ಏನ್ರೀ, ಈಸ್ಟ್‌ನಲ್ಲಿದ್ದೆ ಅಂತೀರಿ, ಪೂರ್ವಿ ಸ್ಟಾರೇ ಇಲ್ಲವಲ್ಲ" ಅಂದುಬಿಟ್ಟರು. ಪೂರ್ವಿ ಸ್ಟಾರ್ ಅಂದರೆ ಆ ಯುದ್ಧದಲ್ಲಿ ಪೂರ್ವದ ರಣರಂಗದಲ್ಲಿದ್ದವರಿಗೆ ಕೊಟ್ಟ ಮೆಡಲ್. ದೊಡ್ಡಪ್ಪ ಮಾತಾಡಲಿಲ್ಲ. ಮನೆಗೆ ಬಂದವರು ಊಟಕ್ಕೂ ಕೂರಲಿಲ್ಲ. 50 ವರ್ಷ ಅವರು ಅದನ್ನು ಯಾರನ್ನೂ ಕೇಳಿರಲಿಲ್ಲ, ಕೊಡುವುದಿದ್ದರೆ ಅವರೇ ಕೊಡುತ್ತಿದ್ದರು, ನಾವ್ಯಾಕೆ ಕೈ ಚಾಚಬೇಕು ಅನ್ನುವ ಮನುಷ್ಯ.

ನಾನು ಮಾಡಿದ ಮೊದಲ ತಪ್ಪು ಅಂದರೆ, "ಮೆಡಲ್ ಕೊಡಿ" ಅಂತ ರೆಕಾರ್ಡ್ ಆಫೀಸಿಗೆ, ಅಂದರೆ ಸೈನಿಕರ ಸೇವಾ ದಾಖಲೆ ಇಡುವ ಕಚೇರಿಗೆ, ಪತ್ರ ಬರೆದಿದ್ದು. ಮೂರು ತಿಂಗಳ ಮೇಲೆ ಎರಡು ಸಾಲಿನ ಉತ್ತರ ಬಂತು, ನಮ್ಮ ದಾಖಲೆಯಲ್ಲಿ ಈ ಮೆಡಲ್‌ನ ಎಂಟ್ರಿ ಇಲ್ಲ ಅಂತ. ಅಲ್ಲಿಗೆ ಮುಗಿಯಿತು ಅಂತ ಮನೆಯವರೆಲ್ಲ ಕೈಬಿಟ್ಟರು. ನಾನೂ ಒಂದೆರಡು ವಾರ ಸುಮ್ನೆ ಇದ್ದೆ. ಆಮೇಲೆ ಪತ್ರ ಮತ್ತೊಮ್ಮೆ ಓದಿದಾಗ ಹೊಳೆಯಿತು. ಎಂಟ್ರಿ ಇಲ್ಲ ಅಂದಿದ್ದಾರೆ, ಅರ್ಹರಲ್ಲ ಅಂದಿಲ್ಲ. ಎಂಟ್ರಿ ಇಲ್ಲ ಅನ್ನುವುದು ನಮಗೂ ಗೊತ್ತಿತ್ತಲ್ಲ, ಅದಕ್ಕೇ ತಾನೆ ಬರೆದಿದ್ದು!

ಈ ಕೆಲಸದ ಒಳಗುಟ್ಟು ಇಷ್ಟೇ. ಮೆಡಲ್ ಆಮೇಲೆ ಬರುತ್ತದೆ, ಮೊದಲು ಕಾಗದದಲ್ಲಿ ಒಂದು ಸಾಲು ಬರಬೇಕು. ಸೈನ್ಯದಲ್ಲಿ ಜವಾನನ ರಜೆ, ಬಡ್ತಿ, ಮದುವೆ, ಮಗು, ಆಸ್ಪತ್ರೆ, ಮೆಡಲ್ ಎಲ್ಲವೂ ಪಾರ್ಟ್ ಟು ಆರ್ಡರ್ ಅನ್ನುವ ಕಾಗದದ ಮೂಲಕವೇ ಯೂನಿಟ್‌ನಿಂದ ರೆಕಾರ್ಡ್ ಆಫೀಸಿಗೆ ಹೋಗಿ ಅವನ ಶೀಟ್ ರೋಲ್‌ನಲ್ಲಿ ಏರುತ್ತವೆ. ಶೀಟ್ ರೋಲ್ ಅಂದರೆ ಆತನ ಪೂರ್ತಿ ಸೇವೆಯ ಜಾತಕ. ಪಾರ್ಟ್ ಟು ಆರ್ಡರ್ ಹೊರಡದೆ ಇದ್ದರೆ ಆ ಮನುಷ್ಯ ಢಾಕಾದಲ್ಲೇ ನಿಂತಿದ್ದರೂ ದಾಖಲೆಯ ಪ್ರಕಾರ ನಿಂತಿಲ್ಲ. ಆದ್ದರಿಂದ ನೀವು ಕೇಳಬೇಕಾದ್ದು ಮೆಡಲ್ ಅಲ್ಲ. ಬಿಟ್ಟುಹೋದ ಪಾರ್ಟ್ ಟು ಆರ್ಡರ್ ಈಗ ಹೊರಡಿಸಿ, ಶೀಟ್ ರೋಲ್ ತಿದ್ದಿ, ಡಿಸ್ಚಾರ್ಜ್ ಬುಕ್ಕಿನಲ್ಲಿ ಬರೆದುಕೊಡಿ, ಆಮೇಲೆ ಮೆಡಲ್ ಕಳಿಸಿ. ಈ ಕ್ರಮದಲ್ಲೇ ಕೇಳಿ.

ಅದಕ್ಕೂ ಮುಂಚೆ ಯಾವ ಮೆಡಲ್ ನಿಜಕ್ಕೂ ಬರಬೇಕಿತ್ತು ಅಂತ ಖಾತ್ರಿ ಮಾಡಿಕೊಳ್ಳಿ. ಇಲ್ಲಿ ಜನ ಜಾಸ್ತಿ ಗೊಂದಲ ಮಾಡಿಕೊಳ್ಳುತ್ತಾರೆ. 1965ರ ಯುದ್ಧಕ್ಕೆ ರಕ್ಷಾ ಮೆಡಲ್ ಬೇರೆ, ಸಮರ್ ಸೇವಾ ಸ್ಟಾರ್ ಬೇರೆ. ಮೊದಲನೆಯದು ಆಗ ಸೇವೆಯಲ್ಲಿದ್ದವರಿಗೆ, ಎರಡನೆಯದು ಕಾಳಗದ ಜಾಗದಲ್ಲಿದ್ದವರಿಗೆ. 1971ಕ್ಕೂ ಹಾಗೇ. 1971ರ ಡಿಸೆಂಬರ್ 3ರಿಂದ 1972ರ ಡಿಸೆಂಬರ್ 20ರವರೆಗಿನ ಸೇವೆಗೆ ಸಂಗ್ರಾಮ್ ಮೆಡಲ್, ಪೂರ್ವದ ರಣರಂಗಕ್ಕೆ ಪೂರ್ವಿ ಸ್ಟಾರ್, ಪಶ್ಚಿಮಕ್ಕೆ ಪಶ್ಚಿಮಿ ಸ್ಟಾರ್. ದೊಡ್ಡಪ್ಪನಿಗೆ ಸಂಗ್ರಾಮ್ ಇತ್ತು, ಸ್ಟಾರ್ ಇರಲಿಲ್ಲ. ಅಂದರೆ ಯುದ್ಧದ ಹೊತ್ತಿಗೆ ಎಲ್ಲೋ ನೌಕರಿಯಲ್ಲಿದ್ದರು ಅಂತ ಸರ್ಕಾರ ಒಪ್ಪಿತ್ತು, ಎಲ್ಲಿ ಅನ್ನುವುದನ್ನು ಮಾತ್ರ ಮರೆತಿತ್ತು. 1972ರ ಆಗಸ್ಟ್ 15ಕ್ಕೆ ಸೇವೆಯಲ್ಲಿದ್ದರೆ ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್ ಇರಬೇಕು, 1997ರಲ್ಲಿ ಇದ್ದವರಿಗೆ 50ನೇ ವರ್ಷದ್ದು. 9, 20, 30 ವರ್ಷದ ಸೇವೆಗೆ ಬೇರೆ ಬೇರೆ ಮೆಡಲ್ ಇವೆ. ಸಿಯಾಚಿನ್‌ಗೆ ಪ್ರತ್ಯೇಕ ಮೆಡಲ್ ಇದೆ, ಕಾರ್ಗಿಲ್‌ಗೆ ಆಪರೇಷನ್ ವಿಜಯ್ ಸ್ಟಾರ್ ಮತ್ತು ಮೆಡಲ್ ಇವೆ. ಶ್ರೀಲಂಕಾಕ್ಕೆ ಶಾಂತಿಪಾಲನಾ ಪಡೆಯಲ್ಲಿ ಹೋದವರಿಗೆ ಸ್ಪೆಷಲ್ ಸರ್ವಿಸ್ ಮೆಡಲ್ ಜೊತೆ ಶ್ರೀಲಂಕಾ ಅಂತ ಬರೆದ ಕ್ಲಾಸ್ಪ್, ಅಂದರೆ ರಿಬ್ಬನ್ ಮೇಲಿನ ಪಟ್ಟಿ. ಮೆಡಲ್ ಇದ್ದು ಕ್ಲಾಸ್ಪ್ ಬಿಟ್ಟುಹೋಗುವುದೂ ಉಂಟು.

ಇವೆಲ್ಲ ಅಲ್ಲಿದ್ದದ್ದಕ್ಕೆ, ಇಷ್ಟು ದಿನ ಇದ್ದದ್ದಕ್ಕೆ ಬರುವ ಮೆಡಲ್‌ಗಳು. ಶೌರ್ಯದ್ದು ಬೇರೆ ದಾರಿ. ವೀರಚಕ್ರ, ಸೇನಾ ಮೆಡಲ್ ಇಂಥವು ಭಾರತದ ಗೆಜೆಟ್‌ನಲ್ಲಿ ಪ್ರಕಟವಾಗುತ್ತವೆ. ಗೆಜೆಟ್ ಪುಟ ಸಿಕ್ಕಿದರೆ ಕೆಲಸ ಸಲೀಸು, ಪ್ರತಿ ಲಗತ್ತಿಸಿ ದಾಖಲೆಗೆ ಸೇರಿಸಿ ಅಂದರೆ ಆಯಿತು. ಗೆಜೆಟ್‌ನಲ್ಲಿ ಇಲ್ಲ, ಆದರೆ "ನಮ್ಮ ಸಿಓ (ಯೂನಿಟ್‌ನ ಮುಖ್ಯಸ್ಥ) ಸಾಹೇಬರು ಹೆಸರು ಕಳಿಸಿದ್ದರು" ಅನ್ನುವುದಷ್ಟೇ ಇದ್ದರೆ, ಬೇಜಾರು ಮಾಡಿಕೊಳ್ಳಬೇಡಿ, ಹೆಸರು ಕಳಿಸಿದ್ದಕ್ಕೂ ಪ್ರಶಸ್ತಿ ಬಂದಿದ್ದಕ್ಕೂ ತುಂಬಾ ದೂರ. ಅದರ ಹಿಂದೆ ವರ್ಷಗಟ್ಟಲೆ ಅಲೆದವರನ್ನು ನೋಡಿದ್ದೇನೆ, ನಾನಾದರೆ ಅಲೆಯುವುದಿಲ್ಲ.

ಪತ್ರ ಯಾವ ವಿಳಾಸಕ್ಕೆ? ಊರು ನೋಡಿ ಅಲ್ಲ, ರೆಜಿಮೆಂಟ್ ನೋಡಿ. ಮದ್ರಾಸ್ ಸ್ಯಾಪರ್ಸ್ ಅಂದರೆ ಎಂಇಜಿಯವರಿಗೆ ಬೆಂಗಳೂರು, ಮರಾಠಾ ಲೈಟ್ ಇನ್‌ಫೆಂಟ್ರಿಗೆ ಬೆಳಗಾವಿ, ಮದ್ರಾಸ್ ರೆಜಿಮೆಂಟ್‌ಗೆ ನೀಲಗಿರಿಯ ವೆಲಿಂಗ್ಟನ್, ಫಿರಂಗಿಯವರಿಗೆ ಅಂದರೆ ಆರ್ಟಿಲರಿಗೆ ನಾಸಿಕ್ ರೋಡ್, ಸಿಗ್ನಲ್ಸ್‌ಗೆ ಜಬಲ್ಪುರ, ಸೈನ್ಯದ ಯಂತ್ರ, ವಾಹನ ರಿಪೇರಿ ನೋಡುವ ಇಎಂಇಗೆ ಸಿಕಂದರಾಬಾದ್. ಏರ್‌ಫೋರ್ಸ್‌ನ ಏರ್‌ಮನ್‌ಗಳ ದಾಖಲೆ ದೆಹಲಿಯ ಸುಬ್ರೋತೋ ಪಾರ್ಕ್‌ನಲ್ಲಿ, ನೌಕಾಪಡೆಯ ಸೇಲರ್‌ಗಳದ್ದು ಮುಂಬೈನ ಮಾನ್‌ಖುರ್ದ್‌ನಲ್ಲಿ. ಆರ್ಮಿ ಆಫೀಸರ್‌ಗಳ ಕಡತ ರೆಜಿಮೆಂಟ್‌ನ ರೆಕಾರ್ಡ್ಸ್‌ನಲ್ಲಿ ಇರುವುದಿಲ್ಲ, ದೆಹಲಿಯ ಸೇನಾ ಮುಖ್ಯಾಲಯದಲ್ಲಿರುತ್ತದೆ.

ಈಗ ಮುಖ್ಯವಾದ ಕೆಲಸ. ಏನನ್ನೂ ವಾದ ಮಾಡುವ ಮುಂಚೆ ಶೀಟ್ ರೋಲ್‌ನ ಪ್ರತಿ ಕೈಗೆ ತೆಗೆದುಕೊಳ್ಳಿ. ನೇರವಾಗಿ ಕೇಳಿದರೆ ಕೆಲವೊಮ್ಮೆ ಕೊಡುತ್ತಾರೆ, ಇಲ್ಲದಿದ್ದರೆ ಆರ್‌ಟಿಐ. ಶುಲ್ಕ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ಅರ್ಜಿ ಸೈನಿಕರ ಹೆಸರಿನಲ್ಲೇ ಇರಲಿ, ಅವರೇ ಸಹಿ ಹಾಕಲಿ. ಮಗ, ತಮ್ಮನ ಮಗ ಅಂತ ನಿಮ್ಮ ಹೆಸರಲ್ಲಿ ಹಾಕಿದರೆ ಬೇರೆಯವರ ಖಾಸಗಿ ಮಾಹಿತಿ ಅಂತ ವಾಪಸ್ ಬರಬಹುದು. ಅವರು ತೀರಿಕೊಂಡಿದ್ದರೆ ಪಿಂಚಣಿ ಪಡೆಯುತ್ತಿರುವ ಹೆಂಡತಿಯ ಹೆಸರಲ್ಲಿ ಹಾಕಿ, ಮರಣ ಪ್ರಮಾಣಪತ್ರ ಮತ್ತು ಪಿಪಿಓ, ಅಂದರೆ ಪಿಂಚಣಿ ಪಾವತಿ ಆದೇಶದ ಪ್ರತಿ ಜೊತೆಗಿಡಿ.

ಆರ್‌ಟಿಐನಲ್ಲಿ "ಯಾಕೆ ಕೊಟ್ಟಿಲ್ಲ" ಅಂತ ಮಾತ್ರ ಕೇಳಬೇಡಿ. ಯಾಕೆ ಅನ್ನುವ ಪ್ರಶ್ನೆಗೆ ಅಲ್ಲಿ ಉತ್ತರ ಬರುವುದಿಲ್ಲ, ಇರುವ ಕಾಗದ ಮಾತ್ರ ಬರುತ್ತದೆ. ಶೀಟ್ ರೋಲ್ ಪ್ರತಿ, ಮೆಡಲ್‌ಗಳಿಗೆ ಸಂಬಂಧಿಸಿದ ಎಲ್ಲ ಪಾರ್ಟ್ ಟು ಆರ್ಡರ್‌ಗಳ ಪ್ರತಿ, ಯಾವ ಯೂನಿಟ್‌ನಲ್ಲಿ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ. ಈ ಮೂರು ಸಾಕು.

ನಮಗೆ ಬಂದ ಪ್ರತಿ ಮಸುಕು ಮಸುಕಾಗಿತ್ತು. ಹಳೆಯ ನೀಲಿ ಶಾಯಿ, ಮೇಲೆ ಮೇಲೆ ರಬ್ಬರ್ ಸ್ಟಾಂಪ್. ಮಧ್ಯೆ ಟಿಓಎಸ್, ಎಸ್‌ಓಎಸ್ ಅಂತ ಕಾಣುತ್ತದೆ, ಗಾಬರಿಯಾಗಬೇಡಿ, ಯೂನಿಟ್‌ನ ಲೆಕ್ಕಕ್ಕೆ ಸೇರಿಸಿಕೊಂಡ ದಿನ, ಲೆಕ್ಕದಿಂದ ತೆಗೆದ ದಿನ ಅಂತ ಅರ್ಥ. ಭೂತಗನ್ನಡಿ ಹಿಡಿದು ನಾನೂ ದೊಡ್ಡಪ್ಪನೂ ಒಂದು ಭಾನುವಾರ ಪೂರ್ತಿ ಕೂತೆವು. 1969ರಿಂದ ಅದೇ ಯೂನಿಟ್. 1972ರ ಜನವರಿ ಮೊದಲ ವಾರ ಕಾಮಾಲೆ ಅಂತ ಆಸ್ಪತ್ರೆಗೆ ಸೇರಿದ್ದಾರೆ. ಹಳೇ ಯೂನಿಟ್ ಲೆಕ್ಕದಿಂದ ತೆಗೆದಿದೆ. ಏಪ್ರಿಲ್‌ನಲ್ಲಿ ವಾಸಿಯಾದ ಮೇಲೆ ಬೇರೆ ಯೂನಿಟ್‌ಗೆ ಪೋಸ್ಟಿಂಗ್. ಕತೆ ಅಲ್ಲೇ ಇತ್ತು. ಮೆಡಲ್‌ಗೆ ಹೆಸರಿನ ಪಟ್ಟಿ ಮಾಡುವ ಹೊತ್ತಿಗೆ ಹಳೇ ಯೂನಿಟ್‌ಗೆ ಇವರು ತನ್ನವರಲ್ಲ. ಹೊಸ ಯೂನಿಟ್ ಈಸ್ಟ್‌ಗೆ ಹೋಗಿಯೇ ಇರಲಿಲ್ಲ, ಅದು ಯಾಕೆ ಪೂರ್ವಿ ಸ್ಟಾರ್‌ಗೆ ಪಟ್ಟಿ ಮಾಡುತ್ತದೆ? ಎರಡು ಯೂನಿಟ್‌ಗಳ ನಡುವಿನ ಸಂದಿಯಲ್ಲಿ ಒಬ್ಬ ಮನುಷ್ಯ ಬಿದ್ದುಹೋಗಿದ್ದ. ನಿಮ್ಮ ಮನೆಯ ಪ್ರಕರಣದಲ್ಲೂ ಹುಡುಕಬೇಕಾದ್ದು ಇಂಥ ಸಂದಿಯನ್ನೇ: ಆಸ್ಪತ್ರೆ, ಕೋರ್ಸ್, ಅಟ್ಯಾಚ್‌ಮೆಂಟ್, ಪೋಸ್ಟಿಂಗ್, ಡಿಸ್ಚಾರ್ಜ್‌ಗೆ ಹತ್ತಿರದ ತಿಂಗಳುಗಳು. ಅಟ್ಯಾಚ್‌ಮೆಂಟ್, ಅಂದರೆ ಸ್ವಲ್ಪ ದಿನಕ್ಕೆ ಬೇರೆ ಯೂನಿಟ್‌ಗೆ ಕಳಿಸುವುದು, ಅಂತೂ ಮಹಾ ಕಳ್ಳ. ಮನುಷ್ಯ ಒಂದು ಕಡೆ, ಅವನ ಕಾಗದ ಇನ್ನೊಂದು ಕಡೆ.

ಶೀಟ್ ರೋಲ್ ಸಾಲದಿದ್ದರೆ ಮನೆಯ ಕಾಗದ ಹುಡುಕಿ. ಆ ಕಾಲದಲ್ಲಿ ಬರೆದ ಪತ್ರಗಳಲ್ಲಿ ಊರಿನ ಹೆಸರು ಇರುವುದಿಲ್ಲ, ಕೇರ್ ಆಫ್ 56 ಎಪಿಓ ಅಥವಾ 99 ಎಪಿಓ ಅಂತಷ್ಟೇ ಇರುತ್ತದೆ, ಎಪಿಓ ಅಂದರೆ ಸೈನ್ಯದ ಅಂಚೆ ಕಚೇರಿ. ಆದರೆ ಯೂನಿಟ್ ಹೆಸರಿರುತ್ತದೆ, ಫೀಲ್ಡ್ ಪೋಸ್ಟ್ ಆಫೀಸಿನ ಮುದ್ರೆ ಇರುತ್ತದೆ, ಮುದ್ರೆಯಲ್ಲಿ ತಾರೀಖು ಇರುತ್ತದೆ. ನಮ್ಮ ದೊಡ್ಡಮ್ಮ ಅಂಥ ನಾಲ್ಕು ಪತ್ರಗಳನ್ನು ಅಕ್ಕಿ ಡಬ್ಬದ ತಳಕ್ಕೆ ಹಾಸಿಟ್ಟಿದ್ದರು, ಯಾಕೆ ಅಂತ ಕೇಳಿದರೆ ನಕ್ಕರು ಅಷ್ಟೇ. ಆಸ್ಪತ್ರೆಯ ಚೀಟಿ, ಗ್ರೂಪ್ ಫೋಟೋ, ಮೂವ್‌ಮೆಂಟ್ ಆರ್ಡರ್ ಇದ್ದರೆ ಎಲ್ಲದರ ಜೆರಾಕ್ಸ್ ಹಾಕಿ. ಜೊತೆಗಿದ್ದ ಇಬ್ಬರು ಸಿಕ್ಕಿದರೆ ಅವರಿಂದ ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ. ಅದರಲ್ಲಿ ಅವರ ಆರ್ಮಿ ನಂಬರ್, ರ್‍ಯಾಂಕ್, ಯಾವ ಕಂಪನಿ ಅಂತ ಇರಲೇಬೇಕು, ಅವರದೇ ಮೆಡಲ್ ಎಂಟ್ರಿಯ ಪ್ರತಿಯೂ ಇದ್ದರೆ ಇನ್ನೂ ಗಟ್ಟಿ. "ಇವರು ಒಳ್ಳೆಯವರು, ದೇಶಸೇವೆ ಮಾಡಿದ್ದಾರೆ" ಅಂತ ಎರಡು ಪುಟ ಬರೆಸಿದರೆ ಅದನ್ನು ಯಾರೂ ಓದುವುದಿಲ್ಲ.

ಅರ್ಜಿ ಇಂಗ್ಲಿಷ್‌ನಲ್ಲಿ ಅಥವಾ ಹಿಂದಿಯಲ್ಲಿ ಬರೆಯಿರಿ, ನಾಸಿಕ್‌ನಲ್ಲಿ ಕೂತ ಕ್ಲರ್ಕ್‌ಗೆ ಕನ್ನಡ ಎಲ್ಲಿಂದ ಬರಬೇಕು. ಒಂದೇ ಪುಟ ಸಾಕು. ಮೇಲೆ ನಂಬರ್, ರ್‍ಯಾಂಕ್, ಹೆಸರು, ಭರ್ತಿಯಾದ ದಿನ, ಡಿಸ್ಚಾರ್ಜ್ ಆದ ದಿನ, ಪಿಪಿಓ ನಂಬರ್. ಆಮೇಲೆ, ಇಂಥ ದಿನದಿಂದ ಇಂಥ ದಿನದವರೆಗೆ ಇಂಥ ಯೂನಿಟ್‌ನಲ್ಲಿದ್ದೆ, ಶೀಟ್ ರೋಲ್‌ನ ಇಂಥ ಪುಟ ನೋಡಿ, ಆ ಯೂನಿಟ್ ಆಗ ಇಂಥ ಕಡೆ ಇತ್ತು, ಆದ್ದರಿಂದ ಈ ಮೆಡಲ್ ಬರಬೇಕು, ಬಿಟ್ಟುಹೋಗಿದ್ದು ಇಂಥ ಕಾರಣಕ್ಕೆ. ಕೊನೆಗೆ ನಾನು ಆಗಲೇ ಹೇಳಿದ ನಾಲ್ಕು ಬೇಡಿಕೆ. ಕಣ್ಣೀರು ಬೇಡ, ಬೈಗುಳವೂ ಬೇಡ. ಕ್ಲರ್ಕ್ ಕೆಲಸವನ್ನು ನೀವೇ ಅರ್ಧ ಮಾಡಿಕೊಟ್ಟರೆ ಫೈಲು ಮುಂದೆ ಹೋಗುತ್ತದೆ, ಅಷ್ಟೇ.

ಇದರ ಒಂದು ಪ್ರತಿಯನ್ನು ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯ ಮೂಲಕವೂ ಕಳಿಸಿ. ಅಲ್ಲಿಂದ ಹೋಗುವ ಕವರಿಂಗ್ ಲೆಟರ್‌ಗೆ ಬೆಲೆ ಇದೆ, ಅಲ್ಲಿ ಕೂತಿರುವವರು ಎಷ್ಟೋ ಸಲ ತಾವೇ ಮಾಜಿ ಸೈನಿಕರು, ಭಾಷೆ ಗೊತ್ತು. ಹಾಗೆಯೇ ಅಸಲಿ ಡಿಸ್ಚಾರ್ಜ್ ಬುಕ್ ಮೊದಲೇ ಅಂಚೆಗೆ ಹಾಕಬೇಡಿ. ಜೆರಾಕ್ಸ್ ಕಳಿಸಿ. ಎಂಟ್ರಿ ಮಾಡಲು ಅಸಲಿ ಬೇಕು ಅಂತ ಅವರೇ ಬರೆದು ಕೇಳಿದ ಮೇಲೆ, ಎಲ್ಲ ಪುಟಗಳ ಫೋಟೋ ತೆಗೆದಿಟ್ಟುಕೊಂಡು, ಸಾಧ್ಯವಾದರೆ ಖುದ್ದಾಗಿ ಹೋಗಿ ಕೊಟ್ಟು ರಸೀದಿ ಪಡೆಯಿರಿ, ಆಗದಿದ್ದರೆ ಸ್ಪೀಡ್ ಪೋಸ್ಟ್. ಇದನ್ನೆಲ್ಲ ಮಾಡಿಸಿಕೊಡುತ್ತೇನೆ ಅಂತ ಹಣ ಕೇಳುವ ಏಜೆಂಟ್‌ಗಳಿದ್ದಾರೆ, ಅವರಿಗೆ ಬುಕ್ ಕೊಟ್ಟು ಕಳೆದುಕೊಂಡವರೂ ಇದ್ದಾರೆ.

ಹೆಸರಿನ ಬಗ್ಗೆ ಒಂದು ಮಾತು. ನಮ್ಮ ಕಡೆಯ ಹೆಸರುಗಳು ಮಿಲಿಟರಿ ಕಾಗದದಲ್ಲಿ ನೆಟ್ಟಗಿರುವುದು ಅಪರೂಪ. ಭರ್ತಿಯ ದಿನ ಕೂತಿದ್ದ ಹವಾಲ್ದಾರನ ಕಿವಿಗೆ ಬಿದ್ದ ಹಾಗೆ ಬರೆದಿರುತ್ತಾರೆ, ವೀರಪ್ಪ ಬೀರಪ್ಪ ಆಗಿರುತ್ತಾನೆ, ಷಣ್ಮುಖಪ್ಪ ಏನು ಬೇಕಾದರೂ ಆಗಿರುತ್ತಾನೆ. ಮೆಡಲ್ ಕೇಳುವ ಅರ್ಜಿಯಲ್ಲಿ ಹೆಸರು ತಿದ್ದಿಸಲು ಹೋಗಬೇಡಿ. ಅದು ಬೇರೆ ಕೆಲಸ, ಬೇರೆ ಕಾಗದ, ಎರಡನ್ನೂ ಸೇರಿಸಿದರೆ ಎರಡೂ ನಿಲ್ಲುತ್ತವೆ. ಶೀಟ್ ರೋಲ್‌ನಲ್ಲಿ ಹೇಗಿದೆಯೋ ಹಾಗೇ ಬರೆಯಿರಿ, ತಪ್ಪಿದ್ದರೂ.

ಉತ್ತರ ಬರದಿದ್ದರೆ ಕೇಂದ್ರದ ಕುಂದುಕೊರತೆ ಪೋರ್ಟಲ್ ಸಿಪಿಗ್ರಾಮ್ಸ್‌ನಲ್ಲಿ ದೂರು ಹಾಕಿ, ಹಳೆಯ ಪತ್ರಗಳ ನಂಬರ್, ತಾರೀಖು ಕೊಟ್ಟು. ಆಗುವುದಿಲ್ಲ ಅಂತ ಕಾರಣ ಸಮೇತ ಬರೆದುಕೊಟ್ಟರೆ ಕೊನೆಯ ದಾರಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕ ಬರುವುದು ಕೊಚ್ಚಿ ಪೀಠಕ್ಕೆ. ಅಂತಿಮ ಆದೇಶ ಬಂದ ಆರು ತಿಂಗಳೊಳಗೆ ಹೋಗಬೇಕು. ಒಂದು ಸ್ಟಾರ್‌ಗೋಸ್ಕರ ಅಲ್ಲಿಯವರೆಗೆ ಹೋಗಬೇಕಾ ಅನ್ನುವುದು ನಿಮಗೆ ಬಿಟ್ಟಿದ್ದು, ಇಂಥ ಮೆಡಲ್‌ಗಳಿಂದ ಪಿಂಚಣಿಯೇನೂ ಜಾಸ್ತಿ ಆಗುವುದಿಲ್ಲ. ಶೌರ್ಯ ಪ್ರಶಸ್ತಿಗೆ ಮಾತ್ರ ದುಡ್ಡಿನ ಲೆಕ್ಕ ಇದೆ.

ನಮಗೆ ಒಟ್ಟು ಒಂದೂವರೆ ವರ್ಷ ಹಿಡಿಯಿತು. ಮೊದಲು ಪಾರ್ಟ್ ಟು ಆರ್ಡರ್‌ನ ಪ್ರತಿ ಬಂತು, ಆಮೇಲೆ ಬುಕ್ಕಿನಲ್ಲಿ ಹೊಸ ಶಾಯಿಯ ಒಂದು ಸಾಲು, ಅದಾಗಿ ಐದು ತಿಂಗಳಿಗೆ ಸಣ್ಣದೊಂದು ಪಾರ್ಸೆಲ್. ಮೆಡಲ್ ಕೈಗೆ ಬಂದರೆ ಮೊದಲು ಅದರ ಅಂಚು ಅಥವಾ ಹಿಂಬದಿ ನೋಡಿ. ಸರ್ಕಾರ ಕೊಡುವ ಮೆಡಲ್‌ನಲ್ಲಿ ಸೈನಿಕನ ನಂಬರ್, ಹೆಸರು ಕೊರೆದಿರುತ್ತದೆ, ಅಂಗಡಿಯಲ್ಲಿ ಕೊಳ್ಳುವ ನಕಲಿನಲ್ಲಿ ಇರುವುದಿಲ್ಲ. ನಂಬರ್ ತಪ್ಪಿದ್ದರೆ ಅವತ್ತೇ ಪತ್ರ ಬರೆದು ವಾಪಸ್ ಕಳಿಸಿ. ನಮ್ಮದರಲ್ಲಿ ನಂಬರ್ ಸರಿಯಿತ್ತು, ಹೆಸರು ಮಾತ್ರ ಶೀಟ್ ರೋಲ್‌ನಲ್ಲಿದ್ದ ಹಾಗೇ ತಪ್ಪಾಗಿತ್ತು. ನಾನು ಹೇಳಿದೆ. ದೊಡ್ಡಪ್ಪ ಉಗುರಿನಿಂದ ಆ ಅಕ್ಷರಗಳನ್ನು ಒಂದೊಂದಾಗಿ ತಡವಿ ನೋಡಿ, "ಹದಿನೈದು ವರ್ಷ ರೋಲ್ ಕಾಲ್‌ನಲ್ಲಿ ಹಿಂಗೇ ಕೂಗ್ತಿದ್ರು, ಇರಲಿ ಬಿಡು" ಅಂದರು.