ಸರ್ಕಾರಿ ಶಾಲೆಗೆ ಇಂಟರ್ನೆಟ್: ದುಡ್ಡು ಎಲ್ಲಿದೆ, ಹೇಗೆ ಕೇಳಬೇಕು

ನಾನು ಜಮಖಂಡಿ ತಾಲ್ಲೂಕಿನ ಒಂದು ಕ್ಲಸ್ಟರ್‌ನಲ್ಲಿ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನಲ್ಲಿ, ಸಿಆರ್‌ಪಿ (ಸಂಪನ್ಮೂಲ ವ್ಯಕ್ತಿ). ಶಾಲೆಗಳಿಗೂ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ನಡುವೆ ಓಡಾಡುವ ಕೆಲಸ. ಕೃಷ್ಣೆಯ ದಂಡೆಯ ಊರುಗಳು, ಎಲ್ಲಿ ನೋಡಿದರೂ ಕಬ್ಬು. ಈಗ ಶಾಲೆಗೆ ಹೋದರೆ ಎರಡು ಮಾತು ಕೇಳುತ್ತೇನೆ. ಒಂದು: "ಅಕ್ಕೋರ, ಟಿವಿ ಬಂದೈತಿ, ನೆಟ್ ಇಲ್ಲ." ಇನ್ನೊಂದು: "ನೆಟ್ ಇತ್ರೀ, ಬಿಲ್ ಕಟ್ಟಲಿಲ್ಲ, ಬಂದ್ ಆತು."

ಎರಡನೆಯ ಮಾತೇ ನನಗೆ ಜಾಸ್ತಿ ಬೇಜಾರು ತರಿಸುವುದು. ಲೈನ್ ಎಳೆಸುವುದು ದೊಡ್ಡ ಕೆಲಸ ಅಲ್ಲ. ಆ ದಿನ ಫೋಟೋ ತೆಗೆಯುತ್ತಾರೆ, ಮಕ್ಕಳು ಚಪ್ಪಾಳೆ ಹೊಡೆಯುತ್ತಾರೆ. ಆಮೇಲೆ ತಿಂಗಳು ತಿಂಗಳು ಬರುವ ಬಿಲ್ಲನ್ನು ಯಾರು ಕಟ್ಟಬೇಕು ಅನ್ನುವುದನ್ನು ಯಾರೂ ಬರೆದಿಟ್ಟಿರುವುದಿಲ್ಲ. ಹಾಗಾಗಿ ನನ್ನ ಕ್ಲಸ್ಟರ್‌ನಲ್ಲಿ ಒಂದು ಮಾತು ಹಿಡಿದು ಹೇಳುತ್ತೇನೆ: ಮೊದಲು 12 ತಿಂಗಳ ಬಿಲ್ಲಿನ ದಾರಿ ಹುಡುಕಿ, ಆಮೇಲೆ ಲೈನ್ ಕೇಳಿ.

ಶಾಲೆಗೆ ನೆಟ್ ಯಾಕೆ ಅಂತ ಊರಲ್ಲಿ ಈಗಲೂ ಕೇಳುವವರಿದ್ದಾರೆ. ಅವರಿಗೆ ಪಾಠದ ವಿಡಿಯೊ ಬಗ್ಗೆ ಹೇಳಬೇಡಿ, ಕೆಲಸ ತೋರಿಸಿ. ಮಕ್ಕಳ ದಾಖಲಾತಿ, ವರ್ಗಾವಣೆ ಎಲ್ಲ ರಾಜ್ಯದ ಎಸ್‌ಎಟಿಎಸ್ ಜಾಲತಾಣದಲ್ಲಿ. ಶಾಲೆಯ ಮಾಹಿತಿ ಕೇಂದ್ರದ ಯುಡೈಸ್ ಜಾಲತಾಣದಲ್ಲಿ. ನವೋದಯ ಪ್ರವೇಶ ಪರೀಕ್ಷೆಯ ಅರ್ಜಿ ಆನ್‌ಲೈನ್. 8ನೇ ತರಗತಿಯ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯ ಅರ್ಜಿಯೂ ಹಾಗೆಯೇ. ಅದರಲ್ಲಿ ಆಯ್ಕೆಯಾದ ಮಗುವಿಗೆ ವರ್ಷಕ್ಕೆ 12,000 ರೂಪಾಯಿ, 12ನೇ ತರಗತಿವರೆಗೂ. ಇಷ್ಟೆಲ್ಲ ಕೆಲಸ ಶಿಕ್ಷಕರು ತಮ್ಮ ಸ್ವಂತ ಮೊಬೈಲ್ ಡೇಟಾದಲ್ಲಿ ಮಾಡುತ್ತಿದ್ದಾರೆ, ಸಿಗ್ನಲ್ ಸಿಗುವ ಮೂಲೆ ಹುಡುಕಿಕೊಂಡು. ಇದು ನ್ಯಾಯ ಅಲ್ಲ. ಸರ್ಕಾರದ ಕೆಲಸದ ಖರ್ಚು ಸರ್ಕಾರದ ದುಡ್ಡಿನಲ್ಲೇ ಆಗಬೇಕು.

ಈಗ ದುಡ್ಡಿನ ವಿಷಯ. ನಮ್ಮ ಫೋನ್ ಕಂಪನಿಗಳು ತಮ್ಮ ಆದಾಯದಲ್ಲಿ ಒಂದು ಪಾಲನ್ನು ಹಳ್ಳಿಗಳ ಸಂಪರ್ಕಕ್ಕೆ ಅಂತ ಕೇಂದ್ರಕ್ಕೆ ಕಟ್ಟುತ್ತವೆ. 2002ರಿಂದ ನಡೆದುಬಂದ ವ್ಯವಸ್ಥೆ ಇದು. ಆ ನಿಧಿಗೆ 2023ರ ದೂರಸಂಪರ್ಕ ಕಾಯಿದೆ ಬಂದ ಮೇಲೆ ಡಿಜಿಟಲ್ ಭಾರತ್ ನಿಧಿ ಅಂತ ಹೆಸರು. ಪಂಚಾಯಿತಿಗಳಿಗೆ ಫೈಬರ್ ತಂದ ಭಾರತ್‌ನೆಟ್ ನಡೆಯುವುದು ಇದೇ ದುಡ್ಡಿನಲ್ಲಿ. ಅಂದರೆ ನಾವು ರೀಚಾರ್ಜ್ ಮಾಡಿಸಿದ ದುಡ್ಡಿನ ಒಂದು ಪಾಲು ಅಲ್ಲಿದೆ. ಕೇಳುವುದಕ್ಕೆ ಸಂಕೋಚ ಯಾಕೆ, ಅಲ್ವಾ?

ಆದರೆ ಒಂದು ಶಾಲೆ ಈ ನಿಧಿಗೆ ನೇರವಾಗಿ ಅರ್ಜಿ ಹಾಕಲು ಬರುವುದಿಲ್ಲ. ಅಮೆರಿಕದಲ್ಲಿ ಇಂಥದೇ ನಿಧಿ ಇದೆ, ಇ-ರೇಟ್ ಅನ್ನುತ್ತಾರೆ, 1996ರ ಕಾಯಿದೆಯಿಂದ ಬಂದದ್ದು. ಅಲ್ಲಿ ಶಾಲೆಯೇ ಅರ್ಜಿ ಹಾಕುತ್ತದೆ. ಮಕ್ಕಳ ಬಡತನ ನೋಡಿ ಇಂಟರ್ನೆಟ್ ಬಿಲ್ಲಿನಲ್ಲಿ ನೂರಕ್ಕೆ 20ರಿಂದ 90ರವರೆಗೆ ರಿಯಾಯಿತಿ. ನಮ್ಮಲ್ಲೂ ಹೀಗೆ ಬಡ ಊರಿನ ಶಾಲೆಗೆ ಹೆಚ್ಚು, ಬಲವಾದ ಶಾಲೆಗೆ ಕಡಿಮೆ ಅನ್ನುವ ಲೆಕ್ಕ ಬರಬೇಕು ಅಂತ ನನ್ನ ಆಸೆ. ಸದ್ಯಕ್ಕೆ ನಮ್ಮಲ್ಲಿ ದುಡ್ಡು ಬೇರೆ ಬೇರೆ ಕೈಗಳಲ್ಲಿದೆ: ತಂತಿಯ ದುಡ್ಡು ಭಾರತ್‌ನೆಟ್‌ನಲ್ಲಿ, ಬಿಲ್ಲಿನ ದುಡ್ಡು ಶಾಲಾ ಅನುದಾನದಲ್ಲಿ, ಉಪಕರಣದ ದುಡ್ಡು ಶಾಸಕರು ಸಂಸದರ ನಿಧಿಯಲ್ಲಿ. ಯಾವ ಖರ್ಚಿಗೆ ಯಾವ ಬಾಗಿಲು ಅನ್ನುವುದು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ.

ಮೊದಲು ನಿಮ್ಮದೇ ಶಾಲಾ ಅನುದಾನ

ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಯೋಜನೆಯಿಂದ ಪ್ರತಿ ಸರ್ಕಾರಿ ಶಾಲೆಗೆ ವರ್ಷಕ್ಕೊಮ್ಮೆ ಸಂಯುಕ್ತ ಶಾಲಾ ಅನುದಾನ ಇದೆ. ಮಾರ್ಗಸೂಚಿ ಪ್ರಕಾರ 30 ಮಕ್ಕಳವರೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000, ಅದಕ್ಕೂ ಮೇಲೆ 1 ಲಕ್ಷ. ಇದನ್ನು ಸೀಮೆಸುಣ್ಣ, ರಿಜಿಸ್ಟರ್, ಸಣ್ಣ ದುರಸ್ತಿಗೆ ಅಂತ ಮಾತ್ರ ತಿಳಿದವರು ಬಹಳ. ಇದೇ ಅನುದಾನದಲ್ಲಿ ಇಂಟರ್ನೆಟ್ ಖರ್ಚು ಮಾಡಬಹುದು ಅಂತ ಮಾರ್ಗಸೂಚಿಯಲ್ಲೇ ಬರೆದಿದೆ. ವಿದ್ಯುತ್, ನೀರು, ಕಲಿಕಾ ಸಾಮಗ್ರಿಯ ಪಕ್ಕದಲ್ಲೇ ಇಂಟರ್ನೆಟ್ ಅನ್ನುವ ಪದ ಇದೆ. ಆಡಿಟ್‌ನಲ್ಲಿ ಆಕ್ಷೇಪಣೆ ಬರುತ್ತದೆ ಅಂತ ಹೆದರುವ ಮುಖ್ಯ ಶಿಕ್ಷಕರಿಗೆ ನಾನು ಆ ಪುಟವನ್ನೇ ಪ್ರಿಂಟ್ ತೆಗೆದು ಕೊಡುತ್ತೇನೆ. ನೀವೂ ಫೈಲಿನ ಮೊದಲ ಹಾಳೆಯಾಗಿ ಅದನ್ನೇ ಇಡಿ.

ಲೆಕ್ಕ ಹೀಗೆ ಹಾಕಿ. ತಿಂಗಳಿಗೆ 500 ರೂಪಾಯಿಯ ಯೋಜನೆ ಅಂದುಕೊಳ್ಳಿ. 18% ಜಿಎಸ್‌ಟಿ ಸೇರಿದರೆ 590. ವರ್ಷಕ್ಕೆ 7,080. ನಿಮ್ಮಲ್ಲಿ 80 ಮಕ್ಕಳಿದ್ದರೆ ಅನುದಾನ 25,000. ಅದರಲ್ಲಿ ಕನಿಷ್ಠ 10% ಸ್ವಚ್ಛತೆಗೆ ಹೋಗಬೇಕು, 2,500. ನೆಟ್‌ಗೆ 7,080 ತೆಗೆದರೆ 15,420 ಉಳಿಯುತ್ತದೆ. ಉಳಿದ ಖರ್ಚು ಬಿಗಿಯಾಗುತ್ತದೆ, ಆದರೆ ನಡೆಯುತ್ತದೆ. 25 ಮಕ್ಕಳ ಶಾಲೆಯಾದರೆ? ಅನುದಾನ 10,000, ಸ್ವಚ್ಛತೆಗೆ 1,000, ನೆಟ್‌ಗೆ 7,080, ಉಳಿಯುವುದು 1,920. ಅಷ್ಟರಲ್ಲಿ ವರ್ಷ ಕಳೆಯಲು ಆಗುವುದಿಲ್ಲ. ತೋಟದ ವಸ್ತಿಗಳಲ್ಲಿರುವ ಸಣ್ಣ ಶಾಲೆಗಳು ಅನುದಾನದ ಮೇಲೆ ಭಾರ ಹಾಕದೆ ನೇರ ಪಂಚಾಯಿತಿ ಬಾಗಿಲಿಗೇ ಹೋಗಬೇಕು ಅನ್ನುವುದು ಇದಕ್ಕೇ.

ಇನ್ನೊಂದು ಅನುಕೂಲ ಆಗಿದೆ. 2024ರ ನವೆಂಬರ್‌ನಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆ ವಿದ್ಯುತ್ ಮತ್ತು ಕುಡಿಯುವ ನೀರು ಉಚಿತ. ಮೊದಲು ಹೆಸ್ಕಾಂ ಬಿಲ್‌ಗೆ ಹೋಗುತ್ತಿದ್ದ ದುಡ್ಡು ಈಗ ಶಾಲೆಯಲ್ಲೇ ಉಳಿಯಬೇಕು. ಹಳೆಯ ಖರ್ಚಿನ ಪುಸ್ತಕ ತೆಗೆದು ಕರೆಂಟ್ ಬಿಲ್ ಎಷ್ಟಿತ್ತು ನೋಡಿ. ಆ ಮೊತ್ತವನ್ನು ಎಸ್‌ಡಿಎಂಸಿ (ಪಾಲಕರೂ ಇರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಓದಿ ಹೇಳಿ. ನೆಟ್ ಬೇಡ ಅನ್ನುವವರಿಗೆ ಅದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

ಠರಾವು ಬಾಯಿಮಾತಿನಲ್ಲಿ ಇರಬಾರದು. ಮೊತ್ತ, ಅವಧಿ, ಯಾರ ಹೆಸರಿನ ಸಂಪರ್ಕ, ಮೂರೂ ಬರೆಯಿರಿ. ನಾನು ಬರೆಸುವುದು ಹೀಗೆ:

"ಶಾಲೆಯ ಆನ್‌ಲೈನ್ ಕೆಲಸಗಳಿಗೂ ಮಕ್ಕಳ ಪಾಠಕ್ಕೂ ಬ್ರಾಡ್‌ಬ್ಯಾಂಡ್ ಸಂಪರ್ಕ ಅಗತ್ಯವಿದೆ. ಈ ಸಾಲಿನ ಸಂಯುಕ್ತ ಶಾಲಾ ಅನುದಾನದಲ್ಲಿ 12 ತಿಂಗಳ ಬಾಡಿಗೆಯನ್ನು ಜಿಎಸ್‌ಟಿ ಸೇರಿ ರೂ. 7,080 ಮೀರದಂತೆ ಖರ್ಚು ಮಾಡಲು, ಸಂಪರ್ಕವನ್ನು ಮುಖ್ಯ ಶಿಕ್ಷಕರ ಹುದ್ದೆಯ ಹೆಸರಿನಲ್ಲಿ ಪಡೆಯಲು ಸಭೆಯು ಒಪ್ಪಿ ಠರಾಯಿಸಿತು."

ಕೆಳಗೆ ಎಲ್ಲರ ಸಹಿ. ತಾಯಂದಿರ ಸಹಿ ತಪ್ಪದೆ ಇರಲಿ. ಅನುದಾನ ಕಂತಿನಲ್ಲಿ, ತಡವಾಗಿ ಬರುವುದು ಇದ್ದೇ ಇದೆ. ಬಂದ ಕೂಡಲೇ ವರ್ಷದ ಬಾಡಿಗೆ ಒಟ್ಟಿಗೆ ಕಟ್ಟಿಬಿಡಿ. ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಇದೆಯಾ ಅಂತ ಕೇಳಿ. ರಸೀದಿಯಲ್ಲಿ ಶಾಲೆಯ ಹೆಸರು ಇರಬೇಕು. ಶಿಕ್ಷಕರ ಹೆಸರಿನ ರಸೀದಿ ಹಣ ಬಳಕೆ ಪ್ರಮಾಣ ಪತ್ರಕ್ಕೆ ಜೋಡಿಸಿದರೆ ಅದೇ ಒಂದು ತಲೆನೋವು.

6ನೇ ತರಗತಿಯಿಂದ ಮೇಲಿರುವ ಶಾಲೆಗಳಿಗೆ ಐಸಿಟಿ ಅನ್ನುವ ಕಂಪ್ಯೂಟರ್ ಶಿಕ್ಷಣದ ಯೋಜನೆ ಬೇರೆ ಇದೆ. ಕಂಪ್ಯೂಟರ್ ಲ್ಯಾಬ್‌ಗೆ ಒಂದು ಸಲಕ್ಕೆ 6.40 ಲಕ್ಷದವರೆಗೆ, ನಡೆಸುವ ಖರ್ಚಿಗೆ ವರ್ಷಕ್ಕೆ 2.40 ಲಕ್ಷದವರೆಗೆ, 5 ವರ್ಷ. ಇದು ಜಿಲ್ಲೆ, ರಾಜ್ಯದ ವಾರ್ಷಿಕ ಯೋಜನೆಯಲ್ಲಿ ಮಂಜೂರಾಗಿ ಬರುತ್ತದೆ. ಯೋಜನೆ ಮಾಡುವವರು ನೋಡುವುದು ನೀವು ಯುಡೈಸ್‌ನಲ್ಲಿ ತುಂಬಿದ ಮಾಹಿತಿ. ಸುಮ್ನೆ "ಇಂಟರ್ನೆಟ್ ಇದೆ" ಅಂತ ಗುರುತು ಹಾಕಬೇಡಿ. ಶಿಕ್ಷಕರ ಮೊಬೈಲ್ ಹಾಟ್‌ಸ್ಪಾಟ್ ಶಾಲೆಯ ಇಂಟರ್ನೆಟ್ ಅಲ್ಲ. ಇದೆ ಅಂತ ಬರೆದರೆ ನಿಮ್ಮ ಶಾಲೆ ಬೇಡಿಕೆಯ ಪಟ್ಟಿಯಿಂದಲೇ ಬಿಟ್ಟುಹೋಗುತ್ತದೆ. ಲ್ಯಾಬ್ ಈಗಾಗಲೇ ಬಂದಿದ್ದರೆ 5 ವರ್ಷ ಮುಗಿಯುವುದು ಯಾವಾಗ ಅಂತ ಗೋಡೆಯ ಮೇಲೆ ಬರೆದಿಡಿ. ಆಮೇಲಿನ ಬಿಲ್ಲು ಮತ್ತೆ ಶಾಲೆಯ ತಲೆಗೇ.

ಪಂಚಾಯಿತಿ ಬಾಗಿಲು

ಪಂಚಾಯಿತಿ ಕಚೇರಿಗೆ ಹೋದಾಗ ಫೈಬರ್ ಪೆಟ್ಟಿಗೆ ಎಲ್ಲಿದೆ ನೋಡಿ. ಭಾರತ್‌ನೆಟ್ ಫೈಬರ್ ಅಲ್ಲಿಗೆ ಬಂದಿರುತ್ತದೆ. ಅಲ್ಲಿಂದ ಶಾಲೆಗೆ ಎಷ್ಟು ದೂರ, ನಡುವೆ ಕಂಬ ಇದೆಯಾ, ರಸ್ತೆ ದಾಟಬೇಕಾ ಅಂತ ಒಂದು ಹಾಳೆಯಲ್ಲಿ ಗೆರೆ ಹಾಕಿಕೊಳ್ಳಿ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮುಂದೆ ಆ ಹಾಳೆ ಇಟ್ಟರೆ ಮಾತು ಬೇಗ ಮುಗಿಯುತ್ತದೆ.

2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 1,39,579 ಕೋಟಿ ರೂಪಾಯಿಯ ತಿದ್ದುಪಡಿ ಭಾರತ್‌ನೆಟ್‌ಗೆ ಒಪ್ಪಿಗೆ ಕೊಟ್ಟಿತು. ಇದರಲ್ಲಿ ಫೈಬರ್ ಅನ್ನು ಉಂಗುರದ ಆಕಾರದಲ್ಲಿ ಸುತ್ತಿ ತರುತ್ತಾರೆ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಸಂಪರ್ಕ ಸಿಗಲಿ ಅಂತ. 2025ರ ಬಜೆಟ್‌ನಲ್ಲಿ ಗ್ರಾಮೀಣ ಭಾಗದ ಎಲ್ಲ ಸರ್ಕಾರಿ ಪ್ರೌಢಶಾಲೆಗಳಿಗೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಭಾರತ್‌ನೆಟ್ ಬ್ರಾಡ್‌ಬ್ಯಾಂಡ್ ಕೊಡುತ್ತೇವೆ ಅಂದರು. ಪ್ರಾಥಮಿಕ ಶಾಲೆಗಳ ಹೆಸರು ಆ ಸಾಲಿನಲ್ಲಿ ಇಲ್ಲ. ಆದ್ದರಿಂದ ನಿಮ್ಮೂರಲ್ಲಿ ಪ್ರೌಢಶಾಲೆ ಇದ್ದರೆ ಅವರ ಜೊತೆ ಸೇರಿ ಒಂದೇ ದಿನ ಅರ್ಜಿ ಕೊಡಿ. ಕೇಬಲ್ ನಿಮ್ಮ ಶಾಲೆಯ ಮುಂದೆಯೇ ಹೋಗುವುದಾದರೆ ಒಂದು ಕವಲು ಕೊಡಿಸಿಕೊಳ್ಳುವುದು ಸುಲಭ.

ಬಿಲ್ಲಿನ ವಿಷಯಕ್ಕೆ ಪಿಡಿಒ ಕೇಳಿಯೇ ಕೇಳುತ್ತಾರೆ: "ಅಕ್ಕೋರ, ಶಾಲಿ ಖರ್ಚು ನಿಮ್ಮ ಇಲಾಖೆದಲ್ಲರೀ? ಪಂಚಾಯಿತಿಯಿಂದ ಹೆಂಗ ಕೊಡೂದು?" ಉತ್ತರ ಸಿದ್ಧ ಇರಲಿ. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗೆ ಕೊಟ್ಟ 29 ವಿಷಯಗಳಿವೆ. 17ನೆಯದು ಪ್ರಾಥಮಿಕ ಮತ್ತು ಪ್ರೌಢಶಾಲೆಗಳೂ ಸೇರಿದಂತೆ ಶಿಕ್ಷಣ. ಹಾಗಾಗಿ ಇದು ಪಂಚಾಯಿತಿಯ ಕೆಲಸವೂ ಹೌದು. ಆದರೆ ಯೋಜನೆಯಲ್ಲಿ ಸೇರದ ಖರ್ಚನ್ನು ಅವರೂ ಮಾಡುವ ಹಾಗಿಲ್ಲ. ವಾರ್ಷಿಕ ಯೋಜನೆಗೆ ಬೇಡಿಕೆ ಕೇಳುವ ಗ್ರಾಮಸಭೆಯಲ್ಲಿ ನಿಮ್ಮ ವಿಷಯ ದಾಖಲಾಗಬೇಕು. ಶಿಕ್ಷಕರು ಎದ್ದು ಕೇಳುವುದಕ್ಕಿಂತ ಎಸ್‌ಡಿಎಂಸಿಯ ತಾಯಂದಿರು ಕೇಳಿದರೆ ತೂಕ ಜಾಸ್ತಿ. ನಡಾವಳಿಯಲ್ಲಿ "ಶಾಲೆಗೆ ಇಂಟರ್ನೆಟ್ ಬಾಡಿಗೆ" ಅಂತ ಬರೆದದ್ದನ್ನು ನೋಡಿ ಬರಬೇಕು, ಪ್ರತಿ ಕೇಳಿ ಪಡೆಯಬೇಕು.

ಉಪಕರಣದ ದುಡ್ಡಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸಂಸದರಿಗೆ ವರ್ಷಕ್ಕೆ 5 ಕೋಟಿ, ನಮ್ಮ ರಾಜ್ಯದ ಶಾಸಕರಿಗೆ 2 ಕೋಟಿ ಪ್ರದೇಶಾಭಿವೃದ್ಧಿ ನಿಧಿ ಇದೆ. ಈ ನಿಧಿ ಇರುವುದು ಬಾಳಿಕೆ ಬರುವ ಆಸ್ತಿಗೆ. ತಿಂಗಳ ಬಿಲ್ ಕೇಳಿದರೆ ಅರ್ಜಿ ವಾಪಸ್ ಬರುತ್ತದೆ. ಕಂಪ್ಯೂಟರ್, ಯುಪಿಎಸ್ ಕೇಳಿ. ಸುತ್ತಲಿನ ಕಾರ್ಖಾನೆಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ದುಡ್ಡಿಗೂ ಇದೇ ಲೆಕ್ಕ ಇಟ್ಟುಕೊಳ್ಳಿ. ಒಂದು ಸಲದ ಖರ್ಚನ್ನೇ ಕೇಳಿ.

ಲೈನ್ ಎಳೆಸುವ ದಿನ

ನಮ್ಮ ಕಡೆ ಕೇಬಲ್‌ಗೆ ದೊಡ್ಡ ಶತ್ರು ಕಬ್ಬಿನ ಟ್ರ್ಯಾಕ್ಟರ್. ಕಾರ್ಖಾನೆ ಶುರುವಾದ ಮೇಲೆ ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು ಹಗಲು ರಾತ್ರಿ ಓಡುತ್ತವೆ. ರಸ್ತೆಗೆ ಅಡ್ಡ ಕೆಳಗೆ ಜೋತುಬಿದ್ದ ಕೇಬಲ್ ಮೊದಲ ವಾರವೇ ಹರಿಯುತ್ತದೆ. ರಸ್ತೆ ದಾಟುವಲ್ಲಿ ಕೇಬಲ್ ಎತ್ತರದ ಕಂಬದ ಮೇಲಿಂದ ಬರಬೇಕು, ಇಲ್ಲವೇ ನೆಲದಡಿ ಪೈಪಿನಲ್ಲಿ. ಎಳೆಯುವ ಹುಡುಗರ ಪಕ್ಕ ನಿಂತು ಇದನ್ನು ಹೇಳಿ ಮಾಡಿಸಿ. ಆ ದಿನ ಅವರ ಜೊತೆ ನಿಂತರೆ ಆಮೇಲೆ ಅವರ ಹಿಂದೆ ಅಲೆಯುವುದು ತಪ್ಪುತ್ತದೆ.

ಶಾಲೆಯಲ್ಲಿ ಹಚ್ಚಿದ ಮೋಡೆಮ್ ಪೆಟ್ಟಿಗೆಯ ದೀಪಗಳನ್ನು 6, 7ನೇ ತರಗತಿಯ ಮಕ್ಕಳಿಗೂ ತೋರಿಸಿಕೊಡಿ. ಎಲ್‌ಒಎಸ್ (LOS) ಅನ್ನುವ ಕಡೆ ಕೆಂಪು ದೀಪ ಮಿನುಗಿದರೆ ಫೈಬರ್ ಕಡಿದಿದೆ ಅಥವಾ ಕನೆಕ್ಟರ್ ಸಡಿಲಾಗಿದೆ. ಪಾನ್ (PON) ಅಂತ ಬರೆದ ದೀಪ ಹಸಿರಾಗಿ ಸ್ಥಿರವಾಗಿದ್ದೂ ನೆಟ್ ಬರದಿದ್ದರೆ ಬಿಲ್ ಬಾಕಿ ಇರಬಹುದು, ಇಲ್ಲವೇ ಸೆಟ್ಟಿಂಗ್ ತಪ್ಪಿರಬಹುದು. ಇಷ್ಟು ಹೇಳಿ ದೂರು ಕೊಟ್ಟರೆ ಸರಿಯಾದ ಕೆಲಸದವನೇ ಬರುತ್ತಾನೆ. ದೂರಿನ ಸಂಖ್ಯೆಯನ್ನು ದಿನಾಂಕದ ಸಮೇತ ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತಾ ಹೋಗಿ. ಸೇವೆ ಹಲವು ದಿನ ನಿಂತರೆ ಬಾಡಿಗೆಯಲ್ಲಿ ಕಡಿತ ಕೇಳಲು ಆ ನೋಟ್‌ಬುಕ್ಕೇ ಆಧಾರ.

ವೇಗಕ್ಕೆ ಆಸೆ ಬೀಳಬೇಡಿ. ಒಂದು ಸ್ಮಾರ್ಟ್ ತರಗತಿ, ಕಚೇರಿಯ ಒಂದು ಕಂಪ್ಯೂಟರ್ ಇರುವ ಶಾಲೆಗೆ 30 ಎಂಬಿಪಿಎಸ್ ಧಾರಾಳ. ಫೋನ್ ಕೂಡ ಕೇಳಿ ಪಡೆಯಿರಿ. ಬಿಎಸ್ಎನ್ಎಲ್ ಫೈಬರ್ ಯೋಜನೆಗಳಲ್ಲಿ ಲ್ಯಾಂಡ್‌ಲೈನ್ ಕರೆಗಳೂ ಸೇರಿರುತ್ತವೆ. ಫೋನಿನ ಯಂತ್ರ ಒಂದು ತಂದು ಹಚ್ಚಿದರೆ ಸಾಕು. ಮಗುವಿಗೆ ಜ್ವರ ಬಂದರೆ ಮನೆಗೆ ತಿಳಿಸಲು, ಪಾಲಕರು ಶಾಲೆಗೆ ಕರೆ ಮಾಡಲು ಯಾರದೋ ಸ್ವಂತ ನಂಬರ್ ಬೇಕಾಗುವುದಿಲ್ಲ. ಮುಖ್ಯ ಶಿಕ್ಷಕರು ಬದಲಾದರೂ ಶಾಲೆಯ ನಂಬರ್ ಬದಲಾಗುವುದಿಲ್ಲ.

ಹಾಗೆಯೇ ನೋಂದಣಿಗೆ ಕೊಡುವ ಮೊಬೈಲ್ ನಂಬರ್. ಹೆಚ್ಚಿನ ಕಡೆ ಮುಖ್ಯ ಶಿಕ್ಷಕರ ಸ್ವಂತ ನಂಬರ್ ಕೊಟ್ಟಿರುತ್ತಾರೆ. ಅವರಿಗೆ ಬೀಳಗಿಗೋ ಹುನಗುಂದಕ್ಕೋ ವರ್ಗವಾಗುತ್ತದೆ. ಬಿಲ್ಲಿನ ಸಂದೇಶ, ಒಟಿಪಿ ಎಲ್ಲ ಅವರ ಹಿಂದೆಯೇ ಹೋಗುತ್ತವೆ. ಹೊಸಬರಿಗೆ ಬಿಲ್ ಬಂದದ್ದೇ ಗೊತ್ತಾಗುವುದಿಲ್ಲ, ಲೈನ್ ಸಾಯುತ್ತದೆ. ಶಾಲೆಗೆ ಅಂತ ಒಂದು ಸಿಮ್ ಇದ್ದರೆ ಅದನ್ನೇ ಕೊಡಿ. ಇಲ್ಲದಿದ್ದರೆ ವರ್ಗವಾದವರು ಹೊಸಬರಿಗೆ ಚಾರ್ಜ್ (ಶಾಲೆಯ ಹೊಣೆ) ಕೊಡುವ ಪಟ್ಟಿಯಲ್ಲಿ ಸಂಪರ್ಕದ ಖಾತೆ ಸಂಖ್ಯೆ, ವೈಫೈ ಪಾಸ್‌ವರ್ಡ್, ಬಾಡಿಗೆ ಎಲ್ಲಿಯವರೆಗೆ ಕಟ್ಟಿದೆ ಅನ್ನುವ ತಾರೀಖು, ಠರಾವಿನ ಪ್ರತಿ, ಇವಿಷ್ಟೂ ಬೀರು, ಬೆಂಚು, ಬಿಸಿಯೂಟದ ಪಾತ್ರೆಗಳ ಸಾಲಿನಲ್ಲೇ ಸೇರಲಿ. ಚಾರ್ಜ್ ತೆಗೆದುಕೊಳ್ಳುವವರು ನೋಂದಾಯಿತ ನಂಬರ್ ಬದಲಾಗಿದೆ ಅಂತ ತಮ್ಮ ಫೋನಿನಲ್ಲಿ ಸಂದೇಶ ಬಂದ ಮೇಲೆಯೇ ಸಹಿ ಹಾಕಲಿ.