ಒಂಬತ್ತನೇ ಕ್ಲಾಸಿನಲ್ಲಿ ಕೇಂದ್ರ ಸಂಪುಟ ನಡೆಸಿದ್ದು

ಗಂಗಾವತಿ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಮೇಷ್ಟ್ರು. ಒಂಬತ್ತನೇ ಕ್ಲಾಸಿಗೆ ಕೇಂದ್ರ ಸರ್ಕಾರದ ಪಾಠ ಬರುತ್ತದೆ. ರಾಷ್ಟ್ರಪತಿ, ಪ್ರಧಾನಿ, ಮಂತ್ರಿಮಂಡಲ, ಎರಡು ಸದನ. ಮಕ್ಕಳು ಉರು ಹೊಡೆಯುತ್ತಾರೆ, ಬರೆಯುತ್ತಾರೆ, ಪರೀಕ್ಷೆ ಮುಗಿದ ಮರುದಿನ ಮರೆಯುತ್ತಾರೆ. 2023ರಲ್ಲಿ ನನಗೊಂದು ಹುಕಿ ಬಂತು. ಪಾಠ ಓದಿಸುವ ಬದಲು ಸಂಪುಟವನ್ನೇ ಕ್ಲಾಸಿನಲ್ಲಿ ನಡೆಸಿದರೆ?

ನಡೆಸಿದೆ. ಪೂರ್ತಿ ಕೆಟ್ಟಿತು.

ಕೇಳಿದವರಿಗೆಲ್ಲ ಮಂತ್ರಿಗಿರಿ ಕೊಟ್ಟಿದ್ದೆ. ಇಪ್ಪತ್ತು ಜನ ಮಂತ್ರಿಗಳು. ಒಬ್ಬ ಅಪ್ಪನ ಬಿಳಿ ಅಂಗಿ ಹಾಕಿಕೊಂಡು ಹೆಗಲಿಗೆ ಟವೆಲ್ ಹೊದ್ದು ಬಂದಿದ್ದ. ಎಲ್ಲರೂ ಭಾಷಣ ಮಾಡಿದರು, ಬೆಂಚು ಗುದ್ದಿದರು, ಧಿಕ್ಕಾರ ಕೂಗಿದರು. ಕೊನೆಗೆ ನಾನೇ ಕೈ ಎತ್ತಿಸಿ ಮತ ಎಣಿಸಿದೆ. ಆಗ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: "ಸರ, ಇದು ಪಾರ್ಲಿಮೆಂಟೋ, ಸಂಪುಟಾನೋ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜ ಹೇಳಬೇಕೆಂದರೆ, ಸಂಪುಟ ಅಂದರೆ ಸಣ್ಣ ಪಾರ್ಲಿಮೆಂಟ್ ಅಂತಲೇ ನಾನೂ ತಿಳಿದಿದ್ದೆ.

ಆ ಭಾನುವಾರ ಸೋದರಮಾವನ ಮನೆಗೆ ಹೋಗಿದ್ದೆ. ಮಾವ ತಹಶೀಲ್ದಾರ್ ಕಚೇರಿಯಲ್ಲಿ ಶಿರಸ್ತೇದಾರ್ ಆಗಿ ರಿಟೈರ್ ಆದವರು. ಕತೆಯೆಲ್ಲ ಕೇಳಿ ನಕ್ಕರು. "ಮಂತ್ರಿ ಮಾತಾಡೋದು ಕಡೀಗೆ ಐದು ನಿಮಿಷ ಮಾರಾಯ. ಅದಕ್ಕ ಮೊದಲು ಕಡತ ಆರು ತಿಂಗಳು ಓಡಾಡಿರತೈತಿ. ನೀ ಕಡತಾನೇ ಬಿಟ್ಟು ಆಟ ಆಡ್ಸೀದಿ."

ಆ ಬೇಸಿಗೆ ರಜೆಯಲ್ಲಿ ಕೂತು ಓದಿದೆ. ಸಂವಿಧಾನದ 74, 75, 77, 78ನೇ ವಿಧಿಗಳನ್ನು ಪಾಠಪುಸ್ತಕದ ಆಚೆಗೆ ಹೋಗಿ ನೋಡಿದ್ದು ಅದೇ ಮೊದಲು. 77ನೇ ವಿಧಿಯ ಕೆಳಗೆ 1961ರಲ್ಲಿ ಮಾಡಿದ ಎರಡು ನಿಯಮಾವಳಿಗಳಿವೆ. ಯಾವ ಕೆಲಸ ಯಾವ ಮಂತ್ರಾಲಯದ್ದು ಅಂತ ಒಂದು ಹೇಳುತ್ತದೆ. ಯಾವ ವಿಷಯ ಸಂಪುಟದ ಮುಂದೆ ಬರಲೇಬೇಕು, ಬರುವ ಮೊದಲು ಯಾರ್ಯಾರನ್ನು ಕೇಳಬೇಕು ಅಂತ ಇನ್ನೊಂದು. ಎರಡನೆಯದರಲ್ಲಿ 12ನೇ ನಿಯಮ ಅಂತ ಒಂದು ಕಿಂಡಿ ಇದೆ. ತುರ್ತು ಅನಿಸಿದರೆ ಪ್ರಧಾನಿ ಸಂಪುಟ ಸೇರಿಸುವ ಮೊದಲೇ ನಿರ್ಧಾರ ತೆಗೆದುಕೊಳ್ಳಬಹುದು, ಆಮೇಲೆ ಸಂಪುಟದ ಒಪ್ಪಿಗೆ ಪಡೆಯಬೇಕು. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಬಿದ್ದಿತ್ತು, ಸಂಪುಟಕ್ಕೆ ಗೊತ್ತಾಗಿದ್ದು ಮರುದಿನ ಬೆಳಗ್ಗೆ. ಅದಕ್ಕೇ 1978ರ 44ನೇ ತಿದ್ದುಪಡಿಯಲ್ಲಿ 352ನೇ ವಿಧಿಗೆ ಸಂಪುಟದ ಲಿಖಿತ ನಿರ್ಧಾರ ಬೇಕೇ ಬೇಕು ಅಂತ ಸೇರಿಸಿದರು. ಇದನ್ನು ಹೇಳಿದಾಗ ಮಕ್ಕಳು ಸಿನಿಮಾ ಕತೆ ಕೇಳಿದ ಹಾಗೆ ಕೇಳಿದರು.

2024ರಲ್ಲಿ ಎರಡನೇ ಸಲ ಶುರು ಮಾಡಿದೆ. ಈ ಸಲ ಮೊದಲು ಲೆಕ್ಕ. 2003ರ 91ನೇ ತಿದ್ದುಪಡಿ ಪ್ರಕಾರ ಪ್ರಧಾನಿಯೂ ಸೇರಿ ಮಂತ್ರಿಗಳ ಸಂಖ್ಯೆ ಲೋಕಸಭೆಯ ಸದಸ್ಯಬಲದ ಶೇ. 15 ದಾಟಬಾರದು. 543ಕ್ಕೆ 81. ನಮ್ಮ ಕ್ಲಾಸಿನಲ್ಲಿ 42 ಮಕ್ಕಳು. 6.3 ಬಂತು. ಅಂದರೆ ಆರೇ ಮಂತ್ರಿಗಳು. (ಉಳಿದವರಲ್ಲಿ ಬಹಳ ಮಂದಿ ಅಧಿಕಾರಿಗಳಾಗುವವರು. ಅಧಿಕಾರಿಗಳು ಲೋಕಸಭೆಯಲ್ಲಿ ಕೂರುವುದಿಲ್ಲ, ಹಾಗಾಗಿ ಈ ಲೆಕ್ಕ ಪೂರ್ತಿ ಸರಿಯಲ್ಲ. ಮಕ್ಕಳಿಗೂ ಅದನ್ನು ಹೇಳಿದೆ. ಆದರೆ ಮಂತ್ರಿಗಳ ಸಂತೆ ತಪ್ಪಿಸಲು ನನಗೆ ಸಿಕ್ಕ ನೆಪ ಅದೊಂದೇ.)

ಪ್ರಧಾನಿ, ಜಲಶಕ್ತಿ (ಅಂದರೆ ನೀರಿನ ಖಾತೆ), ಹಣಕಾಸು, ಕಾನೂನು, ಕೃಷಿ, ವಿದ್ಯುತ್. ಉಳಿದ 36 ಜನರ ಮುಖ ಸಪ್ಪಗಾಯಿತು. ಪ್ರಧಾನಿ ಕಚೇರಿಗೂ ಐದು ಮಂತ್ರಾಲಯಗಳಿಗೂ ತಲಾ ಐವರು: ಕಾರ್ಯದರ್ಶಿ, ಜಂಟಿ ಕಾರ್ಯದರ್ಶಿ, ಅಧೀನ ಕಾರ್ಯದರ್ಶಿ, ಶಾಖಾಧಿಕಾರಿ, ಸಹಾಯಕ ಶಾಖಾಧಿಕಾರಿ. ಸಂಪುಟ ಸಚಿವಾಲಯಕ್ಕೆ ನಾಲ್ವರು. ಇಬ್ಬರು ಪತ್ರಕರ್ತರು. ಒಬ್ಬ ಹುಡುಗ ತಕರಾರು ತೆಗೆದ: "ಸರ, ಜೂನ್ 9ಕ್ಕ ದಿಲ್ಲಿಯಾಗ 72 ಮಂದಿ ಪ್ರಮಾಣ ವಚನ ತಗೊಂಡ್ರು. ನಮಗ್ಯಾಕ ಆರು?" ಒಳ್ಳೆಯ ಪ್ರಶ್ನೆ. ಆ 72ರಲ್ಲಿ ಸಂಪುಟ ದರ್ಜೆಯವರು ಪ್ರಧಾನಿ ಬಿಟ್ಟು 30 ಜನ. ಅದರ ಕೆಳಗಿನ ದರ್ಜೆಯ ಕೇಂದ್ರ ಮಂತ್ರಿಗಳಲ್ಲಿ ಸ್ವತಂತ್ರ ಖಾತೆಯ ರಾಜ್ಯ ಸಚಿವರು 5, ಬರೀ ರಾಜ್ಯ ಸಚಿವರು 36. ನಮ್ಮ ರಾಜ್ಯದಿಂದ ಲೋಕಸಭೆಗೆ ಗೆದ್ದವರಲ್ಲಿ ಕುಮಾರಸ್ವಾಮಿ, ಪ್ರಲ್ಹಾದ್ ಜೋಶಿ ಸಂಪುಟ ದರ್ಜೆಯವರು. ಶೋಭಾ ಕರಂದ್ಲಾಜೆ, ವಿ. ಸೋಮಣ್ಣ ರಾಜ್ಯ ಸಚಿವರು. ಮಂತ್ರಿ ಆದವರೆಲ್ಲ ಸಂಪುಟದಲ್ಲಿ ಕೂರುವುದಿಲ್ಲ ಅನ್ನೋದು ಮಕ್ಕಳಿಗೆ ಅಂದೇ ತಿಳಿದದ್ದು. ನನಗೂ ಇಷ್ಟು ಸ್ಪಷ್ಟವಾಗಿ ಹಿಂದಿನ ವರ್ಷವಷ್ಟೇ ತಿಳಿದದ್ದು ಬಿಡಿ.

ಚರ್ಚೆಗೆ ವಿಷಯ ಹುಡುಕುವ ಕೆಲಸವೇ ಇರಲಿಲ್ಲ. ಆ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿ ಹೋಗಿತ್ತು. ತುಂಬಿದ ಡ್ಯಾಮು. ವಾರದೊಳಗೆ ಸ್ಟಾಪ್‌ಲಾಗ್ (ಗೇಟಿನ ಜಾಗದ ತಾತ್ಕಾಲಿಕ ತಡೆ) ಇಳಿಸಿ ನೀರು ನಿಲ್ಲಿಸುವವರೆಗೆ ನಮ್ಮ ಕಡೆ ಯಾರಿಗೂ ನಿದ್ದೆ ಇರಲಿಲ್ಲ. ನನ್ನ ಕ್ಲಾಸಿನ ಅರ್ಧ ಮಕ್ಕಳ ಮನೆಯ ಗದ್ದೆಗಳು ಎಡದಂಡೆ ಕಾಲುವೆ ನಂಬಿದವು. ವಿಷಯ: "33 ಗೇಟುಗಳನ್ನೂ ಬದಲಿಸುವುದು."

ಗಂಗಾವತಿಯ ಸ್ಟೇಷನರಿ ಅಂಗಡಿಯಿಂದ ಹಸಿರು ಹಾಳೆ ತಂದೆ. ಕೇಂದ್ರ ಸಚಿವಾಲಯದಲ್ಲಿ ಟಿಪ್ಪಣಿ ಬರೆಯುತ್ತಿದ್ದದ್ದು ಹಸಿರು ಹಾಳೆಯಲ್ಲಿ. ಈಗ ಕಂಪ್ಯೂಟರಿಗೆ ಬಂದಿದೆ, ಆದರೆ ನಮ್ಮ ಶಾಲೆಯಲ್ಲಿ ಕರೆಂಟೇ ನಂಬಿಕೆಯದ್ದಲ್ಲ. ರಟ್ಟಿನ ಫೈಲು, ಕೆಂಪು ಟ್ಯಾಗು. ಎಡಗಡೆ ಟಿಪ್ಪಣಿ, ಬಲಗಡೆ ಪತ್ರಗಳು. ಪ್ರತಿ ಪ್ಯಾರಾಕ್ಕೂ ನಂಬರು. ಕೆಳಗಿನ ನೌಕರ ತನ್ನ ಟಿಪ್ಪಣಿಯ ಕೆಳಗೆ ಎಡಕ್ಕೆ ಸಹಿ ಮಾಡಬೇಕು, ಮೇಲಿನ ಅಧಿಕಾರಿ ಬಲಕ್ಕೆ. ಮಾವ ಬಂದು ಒಂದು ಪಿರಿಯಡ್ ಕೂತು "ಪರಿಶೀಲಿಸಿ ಮಂಡಿಸಿ", "ಚರ್ಚಿಸಿ", "ಆದೇಶಕ್ಕಾಗಿ ಮಂಡಿಸಿದೆ" ಅನ್ನೋ ಷರಾಗಳನ್ನು ಕಲಿಸಿ ಹೋದರು. ಅದೇ ತಪ್ಪಾಯಿತು. ವಿದ್ಯುತ್ ಕಾರ್ಯದರ್ಶಿಗೆ "ಚರ್ಚಿಸಿ" ಎಷ್ಟು ಹಿಡಿಸಿತೆಂದರೆ ಒಂದೇ ಕಡತವನ್ನು ಮೂರು ಸಲ "ಚರ್ಚಿಸಿ" ಅಂತ ವಾಪಸ್ ಕಳಿಸಿದ. ಏನು ಚರ್ಚಿಸಬೇಕು ಅಂತ ಕೇಳಿದರೆ, "ಗೊತ್ತಿಲ್ರಿ ಸರ, ಆಫೀಸರ್ ಅದೀನಲ್ರಿ" ಅಂದ.

ಜಲಶಕ್ತಿಯವರು ಸಂಪುಟ ಟಿಪ್ಪಣಿಯ, ಅಂದರೆ ಸಂಪುಟದ ಮುಂದಿಡುವ ಪ್ರಸ್ತಾವದ, ಕರಡು ಮಾಡಿ ಉಳಿದ ಮಂತ್ರಾಲಯಗಳಿಗೆ ಅಭಿಪ್ರಾಯಕ್ಕೆ ಕಳಿಸಿದರು. ನಿಜವಾದ ಸಂಪುಟದಲ್ಲೂ ಹಾಗೆಯೇ. ಸಂಬಂಧಪಟ್ಟ ಮಂತ್ರಾಲಯಗಳ ಅಭಿಪ್ರಾಯ ಬಂದು, ಟಿಪ್ಪಣಿಯನ್ನು ಮಂತ್ರಿ ಒಪ್ಪಿ, ಅದು ಸಂಪುಟ ಸಚಿವಾಲಯಕ್ಕೆ ಹೋಗಬೇಕು. ನನಗೆ ಅತಿ ಖುಷಿ ಕೊಟ್ಟದ್ದು ಈ ಹಂತ. ಕಾನೂನು ಕಾರ್ಯದರ್ಶಿ ಸಣಕಲು ಹುಡುಗ, ಓದಿನಲ್ಲಿ ಅಷ್ಟಕ್ಕಷ್ಟೇ. ಅವನು ಬರೆದದ್ದು: "ನೀರು ರಾಜ್ಯ ಪಟ್ಟಿಯಲ್ಲಿದೆ. ತುಂಗಭದ್ರಾ ಮಂಡಳಿ 1953ರದ್ದು. ಅಧ್ಯಕ್ಷರನ್ನು ಕೇಂದ್ರ ನೇಮಿಸಿದರೂ ಖರ್ಚು ರಾಜ್ಯಗಳದ್ದು. ಈ ಕಡತ ನಮ್ಮ ಹತ್ತಿರ ಯಾಕೆ ಬಂದಿದೆ?" ಇಡೀ ಆಟ ಅಲ್ಲಿಗೇ ನಿಂತಿತು! ಜಲಶಕ್ತಿಯವರು ಎರಡು ದಿನ ತಲೆ ಕೆಡಿಸಿಕೊಂಡರು. ಅಂತರರಾಜ್ಯ ನದಿಗಳ ನಿಯಂತ್ರಣ ಕೇಂದ್ರ ಪಟ್ಟಿಯ 56ನೇ ನಮೂದಿನಲ್ಲಿದೆ ಅಂತ ತೋರಿಸಿಕೊಟ್ಟೆ. ಜೊತೆಗೆ ಹಳೇ ಪತ್ರಿಕಾ ಪ್ರಕಟಣೆಯೊಂದನ್ನು ಕೊಟ್ಟೆ. 2020ರ ಅಕ್ಟೋಬರಿನಲ್ಲಿ ಸಂಪುಟದ ಆರ್ಥಿಕ ವ್ಯವಹಾರಗಳ ಸಮಿತಿ ದೇಶದ 736 ಅಣೆಕಟ್ಟುಗಳ ದುರಸ್ತಿಗೆ 10,211 ಕೋಟಿಯ ಯೋಜನೆ ಒಪ್ಪಿತ್ತು. ಇಂಥದ್ದೇ ದಾರಿ ಹಿಡಿಯಬಹುದು ಅಂತ ಅವರು ಉತ್ತರ ಬರೆದರು.

ಕಡತ ಹಣಕಾಸಿಗೆ ಹೋಯಿತು. ಅಲ್ಲಿನ ಕಾರ್ಯದರ್ಶಿ ಕಿರಾಣಿ ಅಂಗಡಿಯವರ ಮಗಳು, ಉದ್ದರಿ ಪುಸ್ತಕ ಬರೆದು ಅಭ್ಯಾಸ ಇದ್ದವಳು. ಆ 10,211 ಕೋಟಿಯಲ್ಲಿ 7,000 ಕೋಟಿ ಹೊರಗಿನ ಸಾಲ ಅನ್ನೋ ಸಾಲಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಳು. "ಸಾಲದ ರೊಕ್ಕ. ತೀರಿಸೋರು ಯಾರು ಅಂತ ಬರೆದು ಮತ್ತೆ ಮಂಡಿಸಿ." ಎಡಕ್ಕಲ್ಲ, ಬಲಕ್ಕೆ ಸಹಿ. ಸಹಿ ಅರ್ಧ ಹಾಳೆ ತುಂಬಿತ್ತು.

ಇನ್ನು ಏಳನೇ ಪ್ಯಾರಾ. ಇದನ್ನು ಹೇಳೋಕೇ ಇಷ್ಟೆಲ್ಲ ಬರೆದೆ.

ಜಲಶಕ್ತಿಯ ಶಾಖಾಧಿಕಾರಿ ಕಾರಟಗಿ ರಸ್ತೆ ಕಡೆಯ ಹುಡುಗ. ಕ್ಲಾಸಿನಲ್ಲಿ ಬಾಯಿ ಬಿಡುವವನಲ್ಲ. ಕಡತ ಮೇಲಕ್ಕೆ ಹೋಗುವ ಹಿಂದಿನ ದಿನ ಅವನು ಒಂದು ಪ್ಯಾರಾ ಸೇರಿಸಿದ: "7. ಗೇಟು ಬದಲಿಸಲು ಡ್ಯಾಮಿನ ನೀರು ಇಳಿಸಬೇಕು. ಇಳಿಸಿದರೆ ಎರಡನೇ ಬೆಳೆಗೆ ನೀರು ಇಲ್ಲ. ರೈತರು ಏನು ಮಾಡಬೇಕು ಎಂದು ಈ ಟಿಪ್ಪಣಿಯಲ್ಲಿ ಇಲ್ಲ." ಮೂರೇ ವಾಕ್ಯ. ಅಧೀನ ಕಾರ್ಯದರ್ಶಿ ಓದದೆ ಸಹಿ ಮಾಡಿದ್ದ. ಜಂಟಿ ಕಾರ್ಯದರ್ಶಿಯೂ ಅಷ್ಟೇ. ಓದಿದ್ದು ಮಂತ್ರಿ.

"ಸರ, ಇದನ್ನ ತೆಗಸ್ರಿ. ಮಂದಿ ಬೈತಾರ."

"ತೆಗೆಯೋಕೆ ಬರಲ್ಲಮ್ಮ. ಬರೆದು ಸಹಿ ಮಾಡಿದ್ದು ಕಡತದಲ್ಲಿ ಇರಬೇಕು. ನೀನು ಮಂತ್ರಿ. ಒಪ್ಪದಿದ್ದರೆ ಕೆಳಗೆ ಬರಿ."

"ಹಂಗಾದ್ರ ನಾಳೆ ಇದು ನನ್ನ ಹೆಸರಿಗೇ ಬರತೈತಲ್ರಿ?"

"ಹೌದು."

ಅವಳು ಸ್ವಲ್ಪ ಹೊತ್ತು ಪೆನ್ನಿನ ಟೋಪಿ ಕಚ್ಚಿದಳು. ಆ ಹುಡುಗನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ಕೊನೆಗೆ ಬರೆದಳು: "ಪ್ಯಾರಾ 7 ನೋಡಿದೆ. ಗೇಟು ಮುಖ್ಯ. ಮುಂದುವರಿಸಿ." ತಾರೀಖು, ಸಹಿ. ಈ ಪಾಠವನ್ನು ನಾನು ಹದಿನೈದು ವರ್ಷದಿಂದ ಹೇಳುತ್ತಿದ್ದೇನೆ. ಮಂತ್ರಿಯ ಹೊಣೆ ಅಂದರೇನು ಅಂತ ಕ್ಲಾಸು ಅಷ್ಟು ಗಪ್‌ಚಿಪ್ ಆಗಿ ನೋಡಿದ್ದು ಅವತ್ತೊಂದೇ ದಿನ.

ಸಭೆ ಶನಿವಾರ ನಡೆಯಿತು. ನಲವತ್ತೇ ನಿಮಿಷ. ಪ್ರಧಾನಿಯ ಪಕ್ಕದಲ್ಲಿ ಸಂಪುಟ ಕಾರ್ಯದರ್ಶಿ, ಕೈಯಲ್ಲಿ ನೋಟ್‌ಬುಕ್. ದೇಶದ ಅಧಿಕಾರಿಗಳಲ್ಲೆಲ್ಲ ಮೇಲಿನ ಹುದ್ದೆ ಅದು. 1950ರಲ್ಲಿ ಎನ್.ಆರ್. ಪಿಳ್ಳೈ ಅವರಿಂದ ಶುರುವಾದದ್ದು, ನಾವು ಆಟ ಆಡಿದ ವರ್ಷ ಆಗಸ್ಟ್ ಕೊನೆಗೆ ಟಿ.ವಿ. ಸೋಮನಾಥನ್ ಬಂದಿದ್ದರು. ಈ ಸಲ ಬೆಂಚು ಗುದ್ದಲಿಲ್ಲ, ಕೈ ಎತ್ತಿಸಲಿಲ್ಲ. ಎಲ್ಲರ ಮಾತು ಕೇಳಿ ಕೊನೆಗೆ ಪ್ರಧಾನಿ ಹೇಳಿದ್ದೇ ನಿರ್ಧಾರ. ಕೃಷಿ ಮಂತ್ರಿ ಒಬ್ಬನೇ ಏಳನೇ ಪ್ಯಾರಾ ಎತ್ತಿದ. ಗೇಟಿಗೆ ಒಪ್ಪಿಗೆ, ಎರಡನೇ ಬೆಳೆಯ ಪರಿಹಾರಕ್ಕೆ ಕೃಷಿಯವರು ಬೇರೆ ಟಿಪ್ಪಣಿ ತರಬೇಕು ಅಂತ ನಡಾವಳಿಯಲ್ಲಿ ಸೇರಿತು.

ನಡಾವಳಿಯ ಶಾಯಿ ಆರುವ ಮೊದಲೇ ಸುದ್ದಿ ಬಿಸಿಯೂಟದ ಕೋಣೆ ಸೇರಿತ್ತು. ವಿದ್ಯುತ್ ಮಂತ್ರಿ ಅನ್ನ ಹಾಕಿಸಿಕೊಳ್ಳುವಾಗ ಅಡುಗೆ ಅಕ್ಕನಿಗೆ ಎಲ್ಲ ಹೇಳಿಬಿಟ್ಟಿದ್ದ. ಪತ್ರಕರ್ತರಿಬ್ಬರೂ ಜಗಳಕ್ಕೆ ಬಂದರು, ನಮಗಿಂತ ಮೊದಲು ಅಕ್ಕಗ ಹೆಂಗ ಗೊತ್ತಾತು ಅಂತ. ಮಂತ್ರಿಗಳು ಎರಡು ಪ್ರಮಾಣ ಮಾಡುತ್ತಾರೆ, ಅಧಿಕಾರದ್ದು ಒಂದು, ಗೋಪ್ಯತೆಯದ್ದು ಒಂದು. ಅವನಿಗೆ ಆ ಪ್ರಮಾಣಗಳಿರುವ ಸಂವಿಧಾನದ ಮೂರನೇ ಅನುಸೂಚಿ ತೆಗೆದು ಓದಿಸಿದೆ. ಅಳುಮುಖ ಮಾಡಿ ರಾಜೀನಾಮೆ ಬರೆದು ಪ್ರಧಾನಿಗೆ ಕೊಟ್ಟ. ಪ್ರಧಾನಿ ಅದನ್ನು ರಾಷ್ಟ್ರಪತಿಗೆ, ಅಂದರೆ ನಮ್ಮ ಹೆಡ್ ಮಾಸ್ತರರಿಗೆ ಕಳಿಸಿದಳು. ಅವರು ಕನ್ನಡಕ ಏರಿಸಿ ಕೇಳಿದರು: "ಏನವಾ, ನಂದು ಬರೇ ಸಹಿ ಹಾಕೋ ಕೆಲಸಾನಾ?" ಕಡತ ಹಿಡಿದು ನಿಂತಿದ್ದ ಸಂಪುಟ ಕಾರ್ಯದರ್ಶಿ ತಟ್ಟನೆ ಅಂದಳು: "ಮಂತ್ರಿಮಂಡಲದ ಸಲಹೇನ ಒಮ್ಮೆ ವಾಪಸ್ ಕಳಸಬೌದ್ರಿ ಸರ. ತಿರುಗಿ ಬಂದ್ರ ಹಾಕ್ಲೇಬೇಕ್ರಿ." ಸ್ಟಾಫ್ ರೂಮು ಬಿದ್ದು ಬಿದ್ದು ನಕ್ಕಿತು.

ಮಾಡಬೇಕು ಅನ್ನುವ ಮೇಷ್ಟ್ರುಗಳಿಗೆ ಒಂದೆರಡು ಮಾತು. ಮೂರು ವಾರ ಬೇಕು, ಒಂದು ಪಿರಿಯಡ್‌ನಲ್ಲಿ ಆಗಲ್ಲ. ಕಾರ್ಯದರ್ಶಿಗಳನ್ನು ರ್‍ಯಾಂಕ್ ನೋಡಿ ಆರಿಸಬೇಡಿ. ನನ್ನ ಕ್ಲಾಸಿನ ಮೊದಲನೇ ನಂಬರಿನ ಹುಡುಗ ಪ್ರಧಾನಿ ಕಚೇರಿಯಲ್ಲಿ ಕೂತು ಒಂದು ಕಡತವನ್ನೂ ಮುಂದೆ ಕಳಿಸಲಿಲ್ಲ, ತಪ್ಪಾದೀತು ಅಂತ. ಹಾಳೆಗಳಿಗೆ ಮೊದಲೇ ನಂಬರು ಹಾಕಿ ಕೊಡಿ. ಇಲ್ಲದಿದ್ದರೆ ಹರಿದು ಬಿಸಾಕುತ್ತಾರೆ, ದೊಡ್ಡವರ ಹಾಗೆ.

2025ರ ಕೊನೆಗೆ ಡ್ಯಾಮಿನ ಗೇಟುಗಳನ್ನು ಬದಲಿಸಬೇಕು, ಅದಕ್ಕೆ ಎರಡನೇ ಬೆಳೆಗೆ ನೀರಿಲ್ಲ ಅಂತ ಸುದ್ದಿ ಬಂತು. ಮರುದಿನ ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ ಹತ್ತನೇ ಕ್ಲಾಸಿನ ಹುಡುಗನೊಬ್ಬ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ಹಳೇ ಶಾಖಾಧಿಕಾರಿ. ಒಂದು ವರ್ಷದಲ್ಲಿ ಗೇಣುದ್ದ ಬೆಳೆದಿದ್ದ.

"ಸರ, ಆ ಹಸಿರು ಹಾಳಿ ಇನ್ನೂ ಅದಾವೇನ್ರಿ?"

ಬೀರುವಿನಿಂದ ಫೈಲು ತೆಗೆದು ಕೊಟ್ಟೆ. ಅವನು ನಿಂತಲ್ಲೇ ಹಾಳೆ ತಿರುಗಿಸಿ ಏಳನೇ ಪ್ಯಾರಾ ಹುಡುಕಿದ, ಓದಿದ, ಎಡಗಡೆ ತನ್ನ ಸಹಿ ನೋಡಿದ. "ನಮ್ಮಪ್ಪಗ ತೋರಸ್ಬೇಕ್ರಿ" ಅಂದ. ನಾನು ಫೈಲನ್ನು ಒಂದು ದಿನದ ಮಟ್ಟಿಗೆ ಅಂತ ರಿಜಿಸ್ಟರಿನಲ್ಲಿ ಬರೆದು ಕೊಟ್ಟೆ. ಸಹಿ ಮಾಡು ಅಂದೆ. ಎಡಕ್ಕೆ ಮಾಡಿದ.