ಚಿಕ್ಕ ಮಕ್ಕಳನ್ನು ಕಾಡಿನಲ್ಲಿ ಆಡಲು ಬಿಡುವುದು ಹೇಗೆ?

ಕಾಡಿಗೆ ಹೋಗುವಾಗ ಪಾಠದ ಪಟ್ಟಿ ಬೇಡ, ಆಟಿಕೆಯಂತೂ ಬೇಡವೇ ಬೇಡ. ತುಂಬು ತೋಳಿನ ಅಂಗಿ, ಶೂ, ನೀರು, ಒಂದು ಜೊತೆ ಬದಲಿ ಬಟ್ಟೆ ಇದ್ದರೆ ಸಾಕು.

ಮಕ್ಕಳನ್ನು ಬಿಡುವ ಮೊದಲು ನೀವೊಂದು ಸುತ್ತು ಹಾಕಿ. ತಲೆ ಎತ್ತಿ ನೋಡಿ, ಒಣಗಿದ ಕೊಂಬೆ ಜೋತಾಡುತ್ತಿದ್ದರೆ ಆ ಮರದ ಕೆಳಗೆ ಆಟ ಬೇಡ. ಜೋರು ಗಾಳಿ ಇದ್ದರೆ ಹೋಗಲೇಬೇಡಿ. ಆಮೇಲೆ ಸುತ್ತಲಿನ ಮರಗಳಿಗೆ ಬಣ್ಣದ ಬಟ್ಟೆ ಕಟ್ಟಿ, "ಇದರಾಚೆ ಹೋಗೋ ಹಾಗಿಲ್ಲ" ಅನ್ನಿ. ಸುಮ್ನೆ "ಹುಷಾರು, ಹುಷಾರು" ಅಂತ ಕೂಗುತ್ತಾ ಇರುವುದಕ್ಕಿಂತ ಇದು ಮೇಲು, ಅಲ್ವಾ?

ನನ್ನ ಪ್ರಕಾರ ಕಾಡಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಕಲಿಸುವುದು ಕೊಳೆತ ಮರದ ದಿಮ್ಮಿ. ಮಕ್ಕಳನ್ನು ಹಿಂದೆ ನಿಲ್ಲಿಸಿ, ಕೋಲಿನಿಂದ ತಟ್ಟಿ, ದಿಮ್ಮಿಯನ್ನು ನಿಮ್ಮ ಕಡೆಗೇ ಉರುಳಿಸಿ. ಹಾವು ಗೀವು ಇದ್ದರೆ ಆಚೆ ಹೋಗಲಿ. ಕೆಳಗೆ ಒದ್ದೆ ಮಣ್ಣು, ಬಿಳಿ ನೂಲಿನಂಥ ಅಣಬೆಯ ಎಳೆಗಳು, ಸುರುಳಿ ಸುತ್ತಿದ ಸಹಸ್ರಪದಿ ಸಿಗಬಹುದು. ಇರುವೆ ಗೂಡಿದ್ದರೆ, ಬೆಳಕು ಬಿದ್ದ ತಕ್ಷಣ ಅವು ಅಕ್ಕಿ ಕಾಳಿನಂಥ ಮರಿಗಳನ್ನು ಕಚ್ಚಿಕೊಂಡು ಓಡುತ್ತವೆ. "ಎಲ್ಲಿಗೆ ಓಡ್ತಿವೆ?" ಅಂತ ಕೇಳಿ, ಬಾಯಿ ಮುಚ್ಚಿಕೊಂಡು ಕಾಯಿರಿ. ಉತ್ತರ ತಪ್ಪಾದರೂ ಕೂಡಲೇ ತಿದ್ದಬೇಡಿ. ನೋಡಿ ಆದ ಮೇಲೆ ದಿಮ್ಮಿಯನ್ನು ಇದ್ದ ಹಾಗೇ ಇಡಿ, ಅದು ಅವುಗಳ ಮನೆ.

ಮರ ಹತ್ತುವ ಆಸೆ ಇದ್ದರೆ ಮಗು ತಾನೇ ಹತ್ತಲಿ, ಎತ್ತಿ ಕೂರಿಸಬೇಡಿ. ಅಣಬೆ, ಕಾಯಿ ಯಾವುದೂ ಬಾಯಿಗೆ ಹೋಗಬಾರದು.

ಮನೆಗೆ ಬಂದ ಮೇಲೆ ಕಿವಿಯ ಹಿಂದೆ, ಕಂಕುಳಲ್ಲಿ, ಮಂಡಿಯ ಹಿಂದೆ ಉಣುಗು ಕಚ್ಚಿದೆಯಾ ನೋಡಿ. ಕಚ್ಚಿದ್ದರೆ ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆಯಿರಿ. ಎಣ್ಣೆ ಹಚ್ಚುವುದು, ಬಿಸಿ ತಾಗಿಸುವುದು ಬೇಡ.